ಹತ್ತು ಹತ್ತು ಮೀನು, ಇಪ್ಪತ್ತು ಪ್ರಶ್ನೆ

ಬೆಳಗಿನ ಜಾವ ನಾಲ್ಕೂಕಾಲು. ದಕ್ಷಿಣ ಕೊರಿಯಾದ ಬಪ್‌ಸಂಗ್‌ಪೊ ಬಂದರಿನ ಹಿಂದಿನ ಏರಿನಲ್ಲಿರುವ ಚರ್ಚಿನ ಅಡುಗೆಮನೆಯಲ್ಲಿ ಪ್ಯೋ ಜೊಂಗಿಮ್ ಬಾರ್ಲಿ ನೀರು ಕಾಯಿಸುತ್ತಿದ್ದಾರೆ. ಪ್ರಾರ್ಥನೆಗೆ ಜನ ಬರಲು ಇನ್ನೂ ಮುಕ್ಕಾಲು ಗಂಟೆ ಇದೆ. ಕುಳಿತಲ್ಲಿ ಕೂರಲು ಅವರಿಗಾಗುತ್ತಿಲ್ಲ. ಮುಚ್ಚಳ ತೆಗೆದು ನೋಡುತ್ತಾರೆ, ಅಡಿಯಿಂದ ಕಾಯಿಸುವ ಪಕ್ಕದ ಕೋಣೆಯ ನೆಲ ಬೆಚ್ಚಗಾಗಿದೆಯೇ ಎಂದು ಅಂಗೈ ಇಟ್ಟು ನೋಡುತ್ತಾರೆ, ಮತ್ತೆ ಬಂದು ಮುಚ್ಚಳ ತೆಗೆಯುತ್ತಾರೆ.

"ಇವತ್ತು ಹತ್ತು ಗಂಟೆಗೆ ನಮ್ಮ ಸುನ್‌ದಕ್ ಅಕ್ಕನ ಪರೀಕ್ಷೆ. ಕೂರೋದು ಅವರು, ನಿದ್ದೆ ಬಿಟ್ಟಿರೋದು ನಾನು" ಎಂದು ತಮ್ಮ ಬಗ್ಗೆ ಬರೆಯಲು ಬಂದ ನಮಗೆ ಹೇಳುತ್ತಾರೆ.

ಅರವತ್ತಾರರ ಜೊಂಗಿಮ್ ಹಗಲಿಡೀ ಮೀನು ಕಟ್ಟುವವರು. ಉಪ್ಪು ಹಾಕಿದ ಹಳದಿ ಹೊಟ್ಟೆಯ ಮೀನನ್ನು ಹುಲ್ಲಿನ ಹಗ್ಗಕ್ಕೆ ಹತ್ತು ಹತ್ತಾಗಿ ಕಟ್ಟಿ ಗಾಳಿಗೆ ತೂಗುಹಾಕುವುದು ಈ ಊರಿನ ಕಸುಬು. ದಿನಕ್ಕೆ ಎಂಬತ್ತು ಹಗ್ಗ ಅವರ ಕೈಯಿಂದ ಇಳಿಯುತ್ತವೆ. ಅದಕ್ಕೂ ಮೊದಲಿನ ಒಂದು ಗಂಟೆ ಚರ್ಚಿನದು. ಹೊಸದಾಗಿ ನಂಬಿಕೆಗೆ ಬಂದವರನ್ನು ಈ ಬೆಚ್ಚನೆಯ ಕೋಣೆಯಲ್ಲಿ ಕೂರಿಸಿಕೊಂಡು ದೀಕ್ಷಾಸ್ನಾನದ ಪರೀಕ್ಷೆಗೆ ತಯಾರು ಮಾಡುತ್ತಾರೆ. ಎಂಟು ವಾರ, ಇಪ್ಪತ್ತು ಪ್ರಶ್ನೆ. ಮೂವತ್ತೊಂದು ವರ್ಷದಲ್ಲಿ ಮುನ್ನೂರ ಎಂಬತ್ತಾರು ಜನ. ಚರ್ಚಿನ ಗೋಡೆಯ ಮೇಲೆ ಪಾಸ್ಟರುಗಳ ಫೋಟೋ ಇದೆ, ಹಿರಿಯರ ಫೋಟೋ ಇದೆ, ಇವರದಿಲ್ಲ. ಅದನ್ನು ಹೇಳಿದರೆ, "ಮೀನು ಕಟ್ಟೋರ ಫೋಟೋ ಯಾವ ಡಬ್ಬಿ ಮೇಲಿದೆ?" ಎಂದು ಬಾಯಿ ಮುಚ್ಚಿಸುತ್ತಾರೆ.

ಮುನ್ನೂರ ಎಂಬತ್ತಾರು ಜನರಲ್ಲಿ ನಪಾಸಾದವರು ಒಬ್ಬರೇ. ಎಪ್ಪತ್ತೆರಡರ ಬೊಂಗ್ ಸುನ್‌ದಕ್. ಜೊಂಗಿಮ್ ಮೀನು ಕಟ್ಟುವ ಷೆಡ್ಡಿನಲ್ಲೇ ಅವರ ಎದುರಿಗೆ ಕೂತು ಕಟ್ಟುವವರು.

ಸುನ್‌ದಕ್‌ಗೆ ಓದು ಬಾರದು. ಇಪ್ಪತ್ತು ಪ್ರಶ್ನೆಗಳನ್ನು ಎರಡು ಹಗ್ಗ ಮಾಡಿಕೊಂಡು ಬೆರಳಲ್ಲಿ ಎಣಿಸಿ ಬಾಯಿಪಾಠ ಮಾಡಿದ್ದರು. ಐದನೆಯದಕ್ಕೆ 'ಇಲ್ಲ', ಉಳಿದ ಹತ್ತೊಂಬತ್ತಕ್ಕೂ 'ಆಮೆನ್'. ಕಳೆದ ಈಸ್ಟರಿಗೆ ಮುಂಚೆ, ಆಗಷ್ಟೇ ಬಂದಿದ್ದ ಯೂ ಪಾಸ್ಟರ್ ಐದನೆಯದರಿಂದಲೇ ಶುರು ಮಾಡಿದರು. ನಿಮ್ಮ ಒಳ್ಳೆಯ ಕೆಲಸಗಳಿಂದಲೇ ಸ್ವರ್ಗ ಸೇರಬಹುದೆಂದು ನಂಬುತ್ತೀರಾ? "ಆಮೆನ್" ಎಂದರು ಸುನ್‌ದಕ್. ಇನ್ನೂ ಮೂರು ಪ್ರಶ್ನೆ ಕಳೆದು ಐದನೆಯ ಬೆರಳು ಮಡಚುವ ಹೊತ್ತಿಗೆ ಬಂದದ್ದು, ಯೇಸು ನಿಮಗಾಗಿ ಸತ್ತದ್ದನ್ನು ನಂಬುತ್ತೀರಾ ಎಂಬ ಪ್ರಶ್ನೆ. ಸುನ್‌ದಕ್ ಬೆನ್ನು ನೆಟ್ಟಗೆ ಮಾಡಿ, ಇಡೀ ಕೋಣೆಗೆ ಕೇಳುವಂತೆ "ಇಲ್ಲ" ಎಂದರು.

ಹಿರಿಯರೊಬ್ಬರು ನಕ್ಕುಬಿಟ್ಟರು. ಬಾಗಿಲ ಬಳಿ ಕೂತಿದ್ದ ಜೊಂಗಿಮ್‌ಗೆ ನೆಲ ಬಾಯಿಬಿಡಬಾರದೇ ಎನ್ನಿಸಿತ್ತು. "ತಪ್ಪು ಅಕ್ಕನದಲ್ಲ, ನಂದು. ಗಿಣಿಪಾಠ ಒಪ್ಪಿಸಿ ಕಳಿಸಿದ್ದೆ" ಎಂದು ಇವತ್ತಿಗೂ ಕೈ ಹಿಸುಕಿಕೊಳ್ಳುತ್ತಾರೆ.

ಸುನ್‌ದಕ್ ಚರ್ಚಿನ ಕಡೆ ಮುಖ ಹಾಕುವುದನ್ನೇ ಬಿಟ್ಟರು. ಎದುರಿಗೆ ಕೂತರೂ ನಾಲ್ಕು ತಿಂಗಳು ಮಾತಿರಲಿಲ್ಲ. ಆಗಸ್ಟಿನಲ್ಲಿ ಅಲ್ಲಿನ ಬೇಸಗೆ ಮುಗಿಯುವಾಗ ತಾವಾಗಿಯೇ ಹೇಳಿದರು, "ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ವಾ, ನಿಮ್ಮ ದೇವರಿಗೂ ನನಗೂ ಮುಗೀತು."

ಈ ಸಲ ಜೊಂಗಿಮ್ ಬೆರಳೆಣಿಕೆಯನ್ನೇ ನಿಲ್ಲಿಸಿದ್ದಾರೆ. ಬಸ್ಸಿಗೆ ಕಾಯುವಾಗ ಹದಿನೇಳನೆಯದು ಕೇಳುತ್ತಾರೆ, ಕಿಮ್ಚಿ ಉಪ್ಪಿನಕಾಯಿಗೆ ಎಲೆಕೋಸು ತೊಳೆಯುವಾಗ ಎರಡನೆಯದು. ಊರ ಸ್ನಾನಗೃಹದಲ್ಲಿ ಬೆನ್ನುಜ್ಜುತ್ತಲೇ "ಪಾಪ ಅಂದ್ರೇನಕ್ಕ?" ಎಂದು ಕೇಳಿದರೆ, "ನನ್ನ ಚರ್ಮ ಸುಲೀತಿದೀರಲ್ಲ, ಅದೇ" ಎನ್ನುತ್ತಾರೆ ಸುನ್‌ದಕ್. ಬಿಸಿನೀರ ತೊಟ್ಟಿಯಲ್ಲಿದ್ದ ಹೆಂಗಸರೆಲ್ಲ ನಗುತ್ತಾರೆ. ಆದರೂ ಇಪ್ಪತ್ತನೆಯದು ಮಾತ್ರ ಸುನ್‌ದಕ್ ಮನಸ್ಸಿನಲ್ಲಿ ಕೂರುತ್ತಿಲ್ಲ. ಈ ಹೊತ್ತೇ ಕರ್ತನು ಕರೆದರೆ ಪರಲೋಕ ಸೇರುವ ನಿಶ್ಚಯ ನಿಮಗಿದೆಯೇ?

"ಆ ನಿಶ್ಚಯಾನ ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ, ಬಿಡಬೇಡಿ. ಆಮೆನ್ ಅನ್ನಿ."

"ನಿಮಗಿದೆಯಾ ಗ್ವೊನ್ಸಾ ಅವ್ರೇ, ನಿಶ್ಚಯ?" ಹಿರಿಯ ಸೇವಕಿಯರಿಗೆ ಚರ್ಚು ಕೊಡುವ ಆ ಬಿರುದನ್ನು ಸುನ್‌ದಕ್ ಬೇಕೆಂದೇ ಎಳೆದು ಹೇಳುತ್ತಾರೆ.

"ಮೊದಲು ನಿಮ್ಮ ಪಾಠ ಕಲೀರಿ" ಎಂದು ಜೊಂಗಿಮ್ ಪ್ರತಿಸಲವೂ ಜಾರಿಕೊಳ್ಳುತ್ತಾರೆ.

ಜೊಂಗಿಮ್‌ರನ್ನು ಬೆಳಗಿನ ಜಾವಕ್ಕೆ ಎಬ್ಬಿಸಿ ಕೂರಿಸುವುದೂ ಅದೇ ಪ್ರಶ್ನೆ. ಮೂವತ್ಮೂರು ವರ್ಷದ ಹಿಂದೆ ಅವರೂ ಹಿರಿಯರ ಮುಂದೆ ಕೂತವರು. "ಕೇಳಿದ ತಕ್ಷಣ ಆಮೆನ್ ಅಂದೆ. ನಂಬಿ ಅಂದದ್ದಲ್ಲ. ಹೊರಗೆ ನಮ್ಮತ್ತೆ ಕಾಯ್ತಿದ್ರು, ಅವರ ಭಯಕ್ಕೆ ಅಂದೆ. ಆಮೇಲೆ ಎರಡೇ ವರ್ಷಕ್ಕೆ ಕಲಿಸೋ ಕೆಲಸ ನನ್ನ ತಲೆಗೇ ಬಂತು. ಕಲಿಸೋಳನ್ನ ಯಾರು ಕೇಳ್ತಾರೆ?" ಇಷ್ಟು ವರ್ಷ ಬಿಡದೆ ಪ್ರಾರ್ಥಿಸಿದ್ದಾರೆ, ಉಪವಾಸ ಮಾಡಿದ್ದಾರೆ. ಅಭ್ಯಾಸದಿಂದ ಕೈ ಪಳಗಿದ ಹಾಗೆ ಮನಸ್ಸೂ ಪಳಗುತ್ತದೆಂದು ನೆಚ್ಚಿಕೊಂಡಿದ್ದಾರೆ. ಕೆಲವು ದಿನ ಪಳಗಿದಂತೆಯೂ ಇರುತ್ತದೆ.

ಹತ್ತು ಗಂಟೆಗೆ ಸುನ್‌ದಕ್ ಮಂಡಿಯೂರಿ ಕೂರುತ್ತಾರೆ. ಎದುರಿಗೆ ಯೂ ಪಾಸ್ಟರ್, ನಾಲ್ವರು ಹಿರಿಯರು. ಜೊಂಗಿಮ್ ಬಾಗಿಲ ಬಳಿ. ಪಾಸ್ಟರ್ ಹದಿನಾರನೆಯದರಿಂದ ಶುರು ಮಾಡುತ್ತಾರೆ, ಮೂರಕ್ಕೆ ಬರುತ್ತಾರೆ, ಐದು ಕೇಳುತ್ತಾರೆ. "ಇಲ್ಲ. ನನ್ನ ಒಳ್ಳೆ ಕೆಲಸ ನಂಬ್ಕೊಂಡ್ರೆ ನಾನು ಬಾಗಿಲವರೆಗೂ ಹೋಗಲ್ಲ" ಎನ್ನುತ್ತಾರೆ ಸುನ್‌ದಕ್. ಜೊಂಗಿಮ್ ಉಸಿರು ಬಿಡುತ್ತಾರೆ. ಕಡೆಗೆ ಇಪ್ಪತ್ತನೆಯದು ಬರುತ್ತದೆ.

ಸುನ್‌ದಕ್ ತಿರುಗಿ ನೋಡುತ್ತಾರೆ. ಬಾಗಿಲ ಬಳಿ ಜೊಂಗಿಮ್‌ರ ತುಟಿಗಳು ತಾವಾಗಿಯೇ 'ಆಮೆನ್' ಎನ್ನುತ್ತಿವೆ. ಒಬ್ಬ ಹಿರಿಯರು ಕೆಮ್ಮಿದಾಗ ಸುನ್‌ದಕ್ ಮತ್ತೆ ಪಾಸ್ಟರ್ ಕಡೆಗೆ ತಿರುಗುತ್ತಾರೆ.

"ಆಮೆನ್ ಅನ್ನು ಅಂತ ನಮ್ಮ ಗ್ವೊನ್ಸಾ ಹೇಳಿಕೊಟ್ಟಿದ್ದಾರೆ. ಗಟ್ಟಿಯಾಗಿ ಹಿಡ್ಕೋ ಅಂತಾನೂ ಹೇಳಿದ್ದಾರೆ. ಆದ್ರೆ ಪಾಸ್ಟರ್ ಅವ್ರೇ, ನನಗೆ ಆ ನಿಶ್ಚಯ ಬೆಳಿಗ್ಗೆ ಇರುತ್ತೆ, ಸಂಜೆಗೆ ಇರಲ್ಲ. ನಲವತ್ತು ವರ್ಷದಿಂದ ಮೀನು ಕಟ್ತಿದೀನಿ. ಯಾವ ಮೀನೂ ಹಗ್ಗ ಹಿಡ್ಕೊಂಡಿದ್ದು ನೋಡಿಲ್ಲ. ಹಗ್ಗಾನೇ ಮೀನನ್ನ ಹಿಡ್ಕೊಂಡಿರುತ್ತೆ. ಕಟ್ಟಿದೋರ ಕೈ ಚೆನ್ನಾಗಿದ್ರೆ ಎಂಥ ಗಾಳಿ ಬಂದ್ರೂ ಬೀಳಲ್ಲ. ನನ್ನನ್ನ ಕಟ್ಟಿದೋನ ಕೈ ಚೆನ್ನಾಗಿದೆ ಅಂತ ನಂಬಿದೀನಿ. ಅಷ್ಟೇ ನನಗೆ ಗೊತ್ತಿರೋದು."

ಕೋಣೆಯಲ್ಲಿ ಯಾರೂ ನಗುವುದಿಲ್ಲ. ಯೂ ಪಾಸ್ಟರ್ ಕಾಗದದ ಮೇಲೆ ಏನೋ ಬರೆದು ಪೆನ್ನು ಕೆಳಗಿಡುತ್ತಾರೆ. "ಭಾನುವಾರ ದೀಕ್ಷಾಸ್ನಾನಕ್ಕೆ ಹಬ್ಬದ ಹನ್‌ಬೊಕ್ ಉಟ್ಟುಕೊಂಡು ಬನ್ನಿ ಅಜ್ಜಿ" ಎನ್ನುತ್ತಾರೆ. ಜೊಂಗಿಮ್ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಯಾರಿಗೂ ಬೇಕಿಲ್ಲದ ಬಾರ್ಲಿ ನೀರನ್ನು ಮತ್ತೆ ಒಲೆಗಿಟ್ಟು ಅದರ ಮುಂದೆ ನಿಂತು ಅಳುತ್ತಾರೆ. ಸಂತೋಷಕ್ಕೆ ಅತ್ತದ್ದೆಂದು ನಾವು ಬರೆದುಕೊಂಡರೆ, ಪೂರ್ತಿ ಅದಲ್ಲ ಎಂದು ತಿದ್ದುತ್ತಾರೆ. "ಮೂವತ್ತೊಂದು ವರ್ಷ ಹಿಡ್ಕೊಳ್ಳಿ, ಹಿಡ್ಕೊಳ್ಳಿ ಅಂತ ಕಲಿಸಿದೆನಲ್ಲ."

ಮಧ್ಯಾಹ್ನ ಇಬ್ಬರೂ ಷೆಡ್ಡಿನಲ್ಲಿ ಎದುರುಬದುರು. ಕೈಗಳು ಓಡುತ್ತಿವೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಜೊಂಗಿಮ್ ತಲೆ ಎತ್ತದೆ ಹೇಳುತ್ತಾರೆ, "ದೊಡ್ಡದೇನಿಲ್ಲ. ಆ ಇಪ್ಪತ್ತನೇದನ್ನ ನನಗೂ ಯಾರಾದ್ರೂ ಇನ್ನೊಂದ್ಸಲ ಕೇಳಬೇಕು."

"ಅದಕ್ಕೆ ಪಾಸ್ಟರೇ ಬೇಕಾ?" ಸುನ್‌ದಕ್ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳುತ್ತಾರೆ. "ಈ ಹೊತ್ತೇ ಕರೆದ್ರೆ, ನಿಶ್ಚಯ ಇದೆಯಾ ನಿಮಗೆ?"

ಜೊಂಗಿಮ್‌ರ ಕೈ ನಿಲ್ಲುತ್ತದೆ. ಮೂವತ್ಮೂರು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ 'ಆಮೆನ್' ಈ ಸಲ ಹೊರಬರುವುದಿಲ್ಲ. ಹತ್ತನೆಯ ಮೀನಿಗೆ ಹುಲ್ಲು ಸುತ್ತಿ, ಎಳೆದು, ಗಂಟು ಹಾಕುತ್ತಾರೆ.

"ನನ್ನ ಕೈ ಎಷ್ಟೋ ಸಲ ಬಿಟ್ಟುಹೋಗಿದೆ ಅಕ್ಕ" ಎನ್ನುತ್ತಾರೆ. "ಆದ್ರೂ ಬಿದ್ದಿಲ್ಲ."

"ಹಾಗಾದ್ರೆ ಪಾಸು" ಎಂದು ಸುನ್‌ದಕ್ ಇನ್ನೂ ಹತ್ತು ಮೀನು ಅವರ ಕಡೆ ತಳ್ಳುತ್ತಾರೆ. "ಭಾನುವಾರ ನೀವೂ ಹನ್‌ಬೊಕ್ ಉಟ್ಕೊಂಡು ಬನ್ನಿ."