ಅಕ್ಕನ ಬೆರಳು ತೋರಿಸಿದ್ದು

ನಮ್ಮ ಬೀದಿಯಲ್ಲಿ ನನಗೆ ಸುಳ್ಳುಗಾರನೆಂಬ ಹೆಸರು ಸುಮ್ಮನೆ ಬಂದದ್ದಲ್ಲ, ಕಷ್ಟಪಟ್ಟು ಸಂಪಾದಿಸಿದ್ದು. ಮೂಗಿನಲ್ಲೇ ಮಂತ್ರ ಮುಗಿಸುವ ಅರ್ಚಕರು, ಟಿಕೆಟ್ ಹರಿಯುವ ಮುಂಚೆ ಎರಡು ಸಲ ಕೆಮ್ಮುವ ಕಂಡಕ್ಟರು, ಸೀರೆಯ ಮಡಿಕೆ ಬಿಚ್ಚುವ ಮೊದಲೇ "ಇದ್ರಲ್ಲಿ ಡ್ಯಾಮೇಜ್ ಐತಲ್ಲಪ್ಪಾ" ಎಂದು ಅಳುಮೋರೆ ಹಾಕುವ ಸಾಹುಕಾರರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಸಾಹುಕಾರರ ದನಿಯಲ್ಲಿ ಬಾಗಿಲಾಚೆ ನಿಂತು ಕೂಗಿ, ಇಸ್ಪೀಟು ಆಡುತ್ತಿದ್ದ ನಾಲ್ವರನ್ನು ಹಿತ್ತಲ ಗೋಡೆ ಹಾರಿಸಿದ್ದೂ ಉಂಟು. ನನ್ನ ದನಿ ಒಡೆದ ವರ್ಷ ಬೇರೆಯವರಿಗೆ ಅವಕಾಶ ಕೊಡದೆ ನಾನೇ ನನ್ನನ್ನು ಅಣಕಿಸಿಕೊಂಡೆ. ಅರ್ಧ ಹುಂಜ, ಅರ್ಧ ತೂತು ಬಿದ್ದ ಕೊಡ.

ಅಪ್ಪ ಮಾತ್ರ ಇದನ್ನೆಲ್ಲ ಕಂಡೂ ಕಾಣದಂತೆ ಇರುತ್ತಿದ್ದರು. ದೊಡ್ಡಬಳ್ಳಾಪುರದ ಎಷ್ಟೋ ನೇಕಾರರ ಹಾಗೆ ಪವರ್‌ಲೂಮಿನ ಸದ್ದಿನಲ್ಲೇ ಕಿವಿ ಸವೆಸಿಕೊಂಡವರು. ಊಟಕ್ಕೆ ಕೂತಾಗಲೂ ಮಗ್ಗದ ಆಚೆ ನಿಂತವರಿಗೆ ಹೇಳುವಂತೆ ಕೂಗಿಯೇ ಮಾತಾಡುವವರು. ನನ್ನ ಆಟ ಮುಗಿದ ಮೇಲೆ "ಆಯ್ತಾ? ಹೋಗಿ ಕಂಡಿಕೆಗೆ ನೂಲು ಸುತ್ತು" ಎನ್ನುವುದೇ ಅವರ ಚಪ್ಪಾಳೆ.

ನಾನು ಪಿಯುಸಿ ಓದುತ್ತಿದ್ದ ಆ ವರ್ಷ ಅಕ್ಕನಿಗೆ ದೇವನಹಳ್ಳಿಯಾಚೆಯ ವಿಜಯಪುರದ ಗಂಡು ಗೊತ್ತಾಗಿತ್ತು. ರೇಷ್ಮೆ ದಾರಕ್ಕೆ ಹುರಿ ಹಾಕಿಸುವ ಮನೆತನ. ಬಂದು ನೋಡಿ, ಉಪ್ಪಿಟ್ಟು ತಿಂದು, ಬಾಯಿಮಾತಿನಲ್ಲಿ ಒಪ್ಪಿ ಹೋಗಿದ್ದರು. ತಾಂಬೂಲ ಬದಲಾಯಿಸುವುದೊಂದು ಬಾಕಿ. ಓಡಾಡಲಾರದ ಹಿರಿಯರಿಗೆ ತೋರಿಸಲು ಹುಡುಗಿ ನಿಂತಿರುವ ಒಂದು ಫೋಟೋ ಬೇಕೆಂದು ಹೇಳಿ ಕಳಿಸಿದರು. ನಾನು ಕಾಲೇಜಿನ ಗೆಳೆಯನೊಬ್ಬನ ಕ್ಯಾಮೆರಾವನ್ನು ಎರಡು ದಿನಕ್ಕೆ ತಂದೆ. ಬದಲಿಗೆ ನಮ್ಮ ಕೆಮಿಸ್ಟ್ರಿ ಲೆಕ್ಚರರ್ ಆಕಳಿಸುವುದನ್ನು ಅವನು ಕೇಳಿದಾಗಲೆಲ್ಲ ಮಾಡಿ ತೋರಿಸಬೇಕೆಂದು ಒಪ್ಪಂದವಾಗಿತ್ತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅಕ್ಕನನ್ನು ತಾರಸಿಯ ಮೇಲೆ ನಿಲ್ಲಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಕತ್ತಲಾಗುವುದಕ್ಕಿಂತ ಮೊದಲು ಗೊತ್ತಾಗುವುದು ಮೌನ. ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಎಲ್ಲಿಯೋ ಒಂದು ಮಗು ಅಳುವುದು, ಯಾರದೋ ಮನೆಯ ಒಗ್ಗರಣೆ, ಎಲ್ಲ ಇದ್ದಕ್ಕಿದ್ದಂತೆ ಕೇಳಿಸತೊಡಗುತ್ತದೆ. ಅಪ್ಪ ಟವೆಲಿನಿಂದ ಹತ್ತಿಯ ಧೂಳು ಒರೆಸಿಕೊಳ್ಳುತ್ತಾ ಮೇಲೆ ಬಂದರು. ಒಣಗಿದ ಬಟ್ಟೆ ತೆಗೆಯಲು ಅಮ್ಮ ಬಂದರು. ಮೊಮ್ಮಗಳ ಫೋಟೋಗೆ ದೃಷ್ಟಿಯಾಗದಿರಲೆಂದು ಅಜ್ಜಿಯೂ ಮೆಟ್ಟಿಲು ಹತ್ತಿದರು.

"ಲೇ, ನಗಿಸ್ಬೇಡ ಕಣೋ. ಹಲ್ಲು ಕಾಣ್ಬಾರ್ದು ಅಂತ ಅಮ್ಮ ಹೇಳವ್ರೆ," ಎಂದಳು ಅಕ್ಕ.

"ನಿನ್ ಹಲ್ಲು ನೋಡಿನೂ ಒಪ್ಕೊಂಡವ್ರೆ ಅಂದ್ರೆ ಅವ್ರಿಗೆ ಇನ್ಯಾವ ಭಯನೂ ಇಲ್ಲ ಬಿಡು."

ಹೊಡೆಯಲು ಕೈ ಎತ್ತಿದವಳು ಹಾಗೇ ನಿಂತಳು. ಕೈ ನಿಧಾನವಾಗಿ ನನ್ನ ತಲೆಯ ಮೇಲಿಂದ ಆಚೆಗೆ ತಿರುಗಿತು. "ಅಲ್ನೋಡೋ," ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅಕ್ಕ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಾಕಳಿ ಬೆಟ್ಟದ ಕಡೆ, ಆಕಾಶದಲ್ಲಿ, ಅದು ಇತ್ತು. ಊಟದ ತಟ್ಟೆಯನ್ನು ಬೋರಲು ಹಾಕಿದ ಹಾಗೆ. ಬೂದಿ ಬಣ್ಣ, ಅಂಚಿಗೆ ಮಾತ್ರ ಸೂರ್ಯನ ತಾಮ್ರ ಹತ್ತಿತ್ತು. ರೆಕ್ಕೆಯಿಲ್ಲ, ಬಾಲವಿಲ್ಲ, ದೀಪವಿಲ್ಲ. ಬೀದಿಯೆಲ್ಲ ಸ್ತಬ್ಧವಾಗಿದ್ದ ಆ ಹೊತ್ತಿನಲ್ಲಿ ಅದರಿಂದ ಒಂದಿಷ್ಟೂ ಸದ್ದು ಬರಲಿಲ್ಲ.

"ಚಪ್ಪಲಿ ಬಿಡ್ರೋ ಎಲ್ರೂ!" ಎಂದು ಅಜ್ಜಿ ಕೈಮುಗಿದರು. ಅಮ್ಮ ಅರ್ಧ ಮಡಿಚಿದ ಲಂಗವನ್ನು ಎದೆಗೆ ಅವುಚಿಕೊಂಡರು.

"ಬಲೂನ್ ಇರ್ಬೇಕು. ಹವಾಮಾನದೋರು ಬಿಡ್ತಾರೆ," ಎಂದರು ಅಪ್ಪ. ಆಮೇಲೆ ತಂತಿಯ ಮೇಲೆ ಪಟಪಟಿಸುತ್ತಿದ್ದ ಪಂಚೆಯನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, "ಬಲೂನ್ ಆಗಿದ್ರೆ ಇಷ್ಟೊತ್ತಿಗೆ ಗಾಳಿಗೆ ಹೋಗ್ಬೇಕಿತ್ತಲ್ಲೋ," ಎಂದು ತಾವೇ ಪ್ರಶ್ನೆ ಹಾಕಿದರು. ನನ್ನ ಬೆನ್ನಿಗೆ ಗುದ್ದಿದರು. "ತೆಗಿಯೋ! ಕೈಯಾಗೆ ಕ್ಯಾಮೆರಾ ಇಟ್ಕೊಂಡು ಬಾಯಿ ಬಿಟ್ಕೊಂಡು ನಿಂತವ್ನೆ!"

ಅಕ್ಕನ ಹಿಂದಕ್ಕೆ ಸರಿದು ಮೂರು ಸಲ ಕ್ಲಿಕ್ಕಿಸಿದೆ. ನಾಲ್ಕನೆಯದಕ್ಕೆ ರೀಲು ತಿರುಗಿಸುವಾಗ ಕರೆಂಟ್ ಬಂತು. ಕರೆಂಟ್ ಬಂದರೆ ನೇಕಾರರ ಮನೆಯಲ್ಲಿ ಹುಟ್ಟಿದವರ ಕತ್ತು ತಾನಾಗಿ ಮಗ್ಗದ ಕಡೆ ತಿರುಗುತ್ತದೆ. ಸ್ವಿಚ್ ಆರಿಸದೆ ಬಂದಿದ್ದರೆ ಎಳೆಗಳೆಲ್ಲ ಕಿತ್ತುಹೋಗುತ್ತವೆ. ಬೀದಿಯ ಮಗ್ಗಗಳು ಗುಡುಗಿದ್ದೇ ತಡ, ಐದೂ ಜನ ಕೆಳಗೆ ಬಗ್ಗಿ ನಮ್ಮ ಶೆಡ್ಡು ನೋಡಿದೆವು. ಮತ್ತೆ ತಲೆಯೆತ್ತಿದಾಗ ಆಕಾಶ ಖಾಲಿ. ಅದು ಹೇಗೆ ಹೋಯಿತು, ಯಾವ ಕಡೆ ಹೋಯಿತು, ಐವರಲ್ಲಿ ಒಬ್ಬರೂ ನೋಡಲಿಲ್ಲ.

ಅಂದು ಊಟದ ಹೊತ್ತಿನಲ್ಲಿ ನಮ್ಮ ಮನೆ ಹಬ್ಬದ ಮನೆಯಂತಿತ್ತು. ಅಮ್ಮನ ಪ್ರಕಾರ ಅದು ಮೊರದಷ್ಟಿತ್ತು, ಅಜ್ಜಿಯ ಪ್ರಕಾರ ಬಂಡಿ ಚಕ್ರದಷ್ಟು. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ, "ಐದು ಜನ ನೋಡಿದೀವಿ. ಯಾರು ಕೇಳಿದ್ರೂ ಕಂಡಿದ್ದನ್ನ ಕಂಡಂಗೆ ಹೇಳೋಣ. ಇವ್ನೊಬ್ನೇ ಹೇಳಿದ್ರೆ ನಾಯಿನೂ ನಂಬಲ್ಲ," ಎಂದು ಕೂಗಿದರು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ಹದಿನೇಳು ವರ್ಷಕ್ಕೆ ಮೊದಲ ಬಾರಿಗೆ ನನ್ನ ಬಾಯಲ್ಲಿ ಒಂದು ನಿಜವಿತ್ತು, ಅದಕ್ಕೆ ನಾಲ್ಕು ಜನ ಸಾಕ್ಷಿಗಳಿದ್ದರು. ಸಾಲದ್ದಕ್ಕೆ ಆ ಸಾಕ್ಷಿಗಳಲ್ಲಿ ಒಬ್ಬರು ನಮ್ಮಪ್ಪ. ಅವರು ಹೇಳಿದರೆ ಬೀದಿಯಲ್ಲಿ ಯಾರೂ ಎರಡು ಮಾತಾಡುತ್ತಿರಲಿಲ್ಲ.

ಮೂರರಲ್ಲಿ ಒಂದು ಚೆನ್ನಾಗಿ ಬಂದಿತ್ತು. ಕೆಳಗೆ ತಾರಸಿಯ ಗೋಡೆ, ಅಂಚಿನಲ್ಲಿ ಅಕ್ಕನ ಕಿವಿಯೋಲೆ, ಅವಳ ಚಾಚಿದ ಕೈ, ಬೆರಳ ತುದಿಗೆ ಸರಿಯಾಗಿ ಅದು. ಸ್ಟುಡಿಯೋದವನು ಕೇಳದೆಯೇ ಇನ್ನೊಂದು ಪ್ರಿಂಟು ಹಾಕಿ ತನ್ನ ಮೇಜಿನ ಗಾಜಿನ ಕೆಳಗೆ ಸೇರಿಸಿಕೊಂಡ. ಅಲ್ಲಿಂದ ಬೀದಿಯವರ ತಮಾಷೆ ಶುರುವಾಯಿತು.

"ಗುರು, ಇಡ್ಲಿ ತಟ್ಟೆ ಎಷ್ಟು ಎತ್ತರಕ್ಕೆ ಎಸ್ದೆ?"

"ಏನಪ್ಪಾ, ಮೇಲ್ಗಡೆಯೋರು ಯಾವ ಭಾಷೆ ಮಾತಾಡ್ತಾರೆ? ಒಂಚೂರು ಮಾಡಿ ತೋರ್ಸು."

ನಾನು ಒಂದೇ ಉತ್ತರ ಕೊಡುತ್ತಿದ್ದೆ. "ನಮ್ಮಪ್ಪನ್ನ ಕೇಳಿ." ಅದನ್ನು ಹೇಳುವಾಗ ಎಷ್ಟು ಹಾಯೆನಿಸುತ್ತಿತ್ತೆಂದರೆ, ಯಾರೂ ಕೇಳದಿದ್ದರೂ ನಾನೇ ಹೋಗಿ ಹೇಳಿ ಬರುತ್ತಿದ್ದೆ.

ಕೊನೆಗೂ ಕೇಳಲು ಒಬ್ಬರು ಬಂದರು, ವಿಜಯಪುರದಿಂದ. ಗಂಡಿನ ಸೋದರಮಾವ. ಒಂದು ಭಾನುವಾರ ಬೆಳಿಗ್ಗೆ, ಸೀರೆ ಬಣ್ಣ ನೋಡುವ ನೆಪ ಹೇಳಿಕೊಂಡು ಬಂದು ಕೂತರು. ಕಾಫಿ ಅರ್ಧವಾದ ಮೇಲೆ ಲೋಟ ಕೆಳಗಿಟ್ಟರು.

"ತಪ್ಪು ತಿಳ್ಕೋಬೇಡಿ. ನಮ್ಮೂರಲ್ಲೊಂದು ಮಾತು ಓಡಾಡ್ತೈತೆ. ನಿಮ್ಮನೇಲಿ ಹೆಣ್ಮಗು ಸಮೇತ ಎಲ್ರಿಗೂ ಆಕಾಶದಲ್ಲಿ ಏನೋ ಕಾಣ್ತೈತಂತೆ. ನಮ್ಮಕ್ಕ ಹೆದ್ರಿಬಿಟ್ಟವ್ಳೆ. ಮನೆತನದಲ್ಲಿ ಆ ಥರ... ತಲೆಗೆ ಸಂಬಂಧಪಟ್ಟಂಗೆ... ಏನಾದ್ರೂ..."

ಮಗ್ಗ ಆರಿಸಿದ್ದ ಭಾನುವಾರ. ಅಪ್ಪನಿಗೂ ಪ್ರತಿ ಅಕ್ಷರ ಕೇಳಿಸಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೆರಗಿನ ತುದಿ ಹಿಡಿದು ನಿಂತಿದ್ದಳು. ನಾನು ಮಾತ್ರ, ದಡ್ಡ, ಖುಷಿಯಿಂದ ಫೋಟೋ ತರಲು ಎದ್ದೆ. ಅಪ್ಪ ಹೇಳುತ್ತಾರೆ, ಈಗ ಹೇಳುತ್ತಾರೆ.

ಅಪ್ಪ ನಕ್ಕರು. "ಅಯ್ಯೋ ಸ್ವಾಮಿ, ಅದಾ! ಇವ್ನು ಅನ್ನದ ಬೋಸಿ ಮುಚ್ಚಳ ಎಸ್ದು ಫೋಟೋ ಹೊಡ್ದಿರೋದು. ಇವನ ಆಟ ನಿಮ್ಗೆ ಗೊತ್ತಿಲ್ಲ, ನೋಡಿ ಹಿಂಗೆ..."

ಎಂದವರು ಎದ್ದು ನಿಂತರು. ಎಡಭುಜ ಕಿವಿಯವರೆಗೆ ಎತ್ತಿದರು. ಹೆಬ್ಬೆರಳಿನಿಂದ ಮೂಗು ಒರೆಸಿಕೊಂಡರು. ಒಂದು ಕಣ್ಣು ಮುಚ್ಚಿ, ಇಲ್ಲದ ಕ್ಯಾಮೆರಾವನ್ನು ಮುಖಕ್ಕೆ ಹಿಡಿದು, ಇನ್ನೊಂದು ಕೈಯಿಂದ ಮುಚ್ಚಳ ಎಸೆದು, ಅದು ಬೀಳುವ ಮುಂಚೆ ಕ್ಲಿಕ್ಕಿಸಲು ಕುಣಿದರು, ಎಡವಿದರು, ಮತ್ತೆ ಎಸೆದರು. "ಬಂತು ನೋಡ್ರಪ್ಪಾ, ಬಂತು ಬಂತು, ಅಯ್ಯೋ ಹೋಯ್ತು!" ಅದು ನನ್ನ ದನಿ. ಹುಂಜವೂ ಇತ್ತು, ಕೊಡವೂ ಇತ್ತು. ಮಾತಿಗೆ ಮೊದಲು ನಾನು ಎಡಭುಜ ಎತ್ತುತ್ತೇನೆಂದು ನನಗೇ ತಿಳಿದಿರಲಿಲ್ಲ. ನಾನು ಊರನ್ನೆಲ್ಲ ನೋಡಿ ಕಲಿಯುತ್ತಿದ್ದಾಗ, ಅಪ್ಪ ಇಷ್ಟು ವರ್ಷ ನನ್ನನ್ನು ನೋಡುತ್ತಿದ್ದರು.

ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ, ಚಪ್ಪಲಿ ಬಿಡಿ ಎಂದಿದ್ದ ಅಜ್ಜಿ, "ಮುಚ್ಚಳ ಸೊಟ್ಟ ಮಾಡಿಟ್ಟವ್ನೆ, ನೋಡಿ ಬೇಕಾದ್ರೆ," ಎಂದರು. ಜನ್ಮದಲ್ಲಿ ಸುಳ್ಳು ಹೇಳದ ಅಮ್ಮ ಒಳಗೆ ಹೋಗಿ ಬೋಸಿ ಮುಚ್ಚಳ ತಂದು ತೋರಿಸಿದರು. ಅದು ನಾನು ಹುಟ್ಟುವ ಮುಂಚಿನಿಂದ ಸೊಟ್ಟಗಿತ್ತು. ನನ್ನ ಕೈಯಲ್ಲಿದ್ದ ಫೋಟೋವನ್ನು ಸೋದರಮಾವ ಇಸಿದುಕೊಂಡು ನೋಡಿ, "ಇದು ಹೆಣ್ಮಗೀನ ಕೈ ಅಲ್ವಾ?" ಎಂದರು.

"ಹೂಂ," ಎಂದಳು ಅಕ್ಕ ಬಾಗಿಲಿಂದ. "ಮುಚ್ಚಳ ಹಿಡ್ಕೊಳಾಕೆ ಕೈ ಚಾಚಿದ್ದೆ."

ಮುಂದಿನ ವಾರವೇ ತಾಂಬೂಲ ಬದಲಾಯಿಸಿಕೊಂಡರು.

ಆ ಭಾನುವಾರ ಸೋದರಮಾವ ಹೋದ ಮೇಲೆ ನಾನು ಅಪ್ಪನೊಂದಿಗೆ ಮಾತು ಬಿಟ್ಟೆ. ಅವರು ಅದನ್ನು ಗಮನಿಸಲು ಮೂರು ದಿನ ಹಿಡಿಯಿತೆಂಬುದು ಬೇರೆ ಮಾತು. ನಾಲ್ಕನೆಯ ದಿನ ಶೆಡ್ಡಿನಲ್ಲಿ ಮಗ್ಗ ನಿಲ್ಲಿಸಿ ಹತ್ತಿರ ಕರೆದರು.

"ನಾನು ನೋಡಿಲ್ವೇನೋ? ನೋಡಿದೀನಿ ಕಣೋ. ನಿನ್ ಅಕ್ಕನ ಮುಖ ನೋಡಿ ಹಂಗಂದೆ. ಮದ್ವೆ ಒಂದು ಆಗ್ಲಿ. ಬೀಗರ ಮನೆ ಊಟದ ದಿನ ಎಲ್ರ ಮುಂದೆ ನಾನೇ ಎದ್ದು ಹೇಳ್ತೀನಿ, ನನ್ ಮಗ ಹೇಳಿದ್ದು ನಿಜ ಅಂತ. ಸರಿನಾ?"

ಸರಿ ಎಂದೆ. ಸೋದರಮಾವನ ಪ್ರಶ್ನೆಗೆ ಬೇರೇನು ಹೇಳಬಹುದಿತ್ತೆಂದು ನನಗೂ ಹೊಳೆದಿರಲಿಲ್ಲ. ಮದುವೆಯಾಗುವವರೆಗೆ ಬೀದಿಯ ಎಲ್ಲ ಇಡ್ಲಿ ತಟ್ಟೆಗಳನ್ನೂ ಸಹಿಸಿಕೊಂಡೆ. ಮುಚ್ಚಳದ ಕಥೆ ಈಗ ನಮ್ಮ ಮನೆಯಿಂದಲೇ ಹೊರಟಿದ್ದರಿಂದ "ನಮ್ಮಪ್ಪನ್ನ ಕೇಳಿ" ಎನ್ನಲೂ ಬಾಯಿಲ್ಲ. ಸ್ಟುಡಿಯೋದವನು ಆ ಪ್ರಿಂಟನ್ನು ಗಾಜಿನ ಕೆಳಗಿಂದ ತೆಗೆದು, ಅಲ್ಲಿ ಯಾರದೋ ಮಗುವಿನ ಫೋಟೋ ಇಟ್ಟ.

ಮದುವೆಯಾಯಿತು. ವಿಜಯಪುರದಲ್ಲಿ ಬೀಗರ ಊಟ. ಎಲೆ ತೆಗೆದ ಮೇಲೆ ಚಪ್ಪರದ ಕೆಳಗೆ ನೂರು ಜನ ಅಡಿಕೆಲೆ ಹಾಕಿಕೊಂಡು ಕೂತಿದ್ದರು. ಅದೇ ಸೋದರಮಾವ ಕೂಗಿದರು. "ಬೀಗ್ರೇ, ಆ ಮುಚ್ಚಳದ್ದು ಇವರಿಗೂ ಒಂದ್ಸಲ ಆಗ್ಲಿ!"

ಅಪ್ಪ ಎದ್ದರು. ಗಂಟಲು ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ಎರಡು ಮಾತು ಸಾಕಿತ್ತು. ತಾಳಿ ಕಟ್ಟಿಯಾಗಿದೆ, ಇನ್ನು ಯಾರ ಭಯ?

ಎಡಭುಜ ಮೇಲಕ್ಕೆ ಹೋಯಿತು.

ಈ ಸಲ ಅದು ಮೊದಲಿನಂತಿರಲಿಲ್ಲ, ಪಳಗಿತ್ತು. ಹೊಸದಾಗಿ ಅಜ್ಜಿಯ ಪಾತ್ರ ಸೇರಿತ್ತು, ಮುಚ್ಚಳ ಪಕ್ಕದ ಮನೆಯ ಕೋಳಿಯ ಮೇಲೆ ಬೀಳುವುದು ಸೇರಿತ್ತು. ಎಲ್ಲೋ ಒಬ್ಬರೇ ಅಭ್ಯಾಸ ಮಾಡಿದ್ದರೆಂದು ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು? ಜನ ಬಿದ್ದು ಬಿದ್ದು ನಕ್ಕರು. "ಈಗ ಮಗಂದು, ಈಗ ಮಗಂದು!" ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

ಅತ್ತೆಯ ಪಕ್ಕದಲ್ಲಿ ಹೊಸ ಸೀರೆ ಉಟ್ಟು ಕೂತಿದ್ದ ಅಕ್ಕನನ್ನು ನೋಡಿದೆ. ಅವಳೂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. "ಮಾಡೋ, ಒಂದೇ ಒಂದ್ಸಲ," ಎಂದಳು, ಏನೂ ಗೊತ್ತಿಲ್ಲದವಳ ಹಾಗೆ. ಸತ್ಯ ಹೇಳಲು ಬಾಯಿ ತೆರೆದೆ. ಆದರೆ ನೂರು ಮುಖಗಳು ನಗುವುದಕ್ಕೆ ತಯಾರಾಗಿದ್ದವು, ಅದು ನನಗೆ ಚೆನ್ನಾಗಿ ಗೊತ್ತಿದ್ದ ನೋಟ. ಎಡಭುಜ ಎತ್ತಿದೆ. ಮುಚ್ಚಳ ಎಸೆದೆ. ಕೋಳಿಯಾದೆ. ಅಪ್ಪನಿಗಿಂತ ದೊಡ್ಡ ಚಪ್ಪಾಳೆ ನನಗೇ ಬಿತ್ತು.

ಊರಿಗೆ ಹಿಂತಿರುಗುವ ಬಸ್ಸಿನಲ್ಲಿ ಅಪ್ಪನ ಪಕ್ಕದಲ್ಲೇ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿ ಅಮ್ಮ, ಅಜ್ಜಿ ತೂಕಡಿಸುತ್ತಿದ್ದರು. ಅಪ್ಪನ ಕಿವಿಯ ಹತ್ತಿರ ಬಗ್ಗಿ ಕೇಳಿದೆ. "ಹೇಳ್ತೀನಿ ಅಂದಿದ್ರಲ್ಲ?"

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ನಾಚಿಕೊಂಡವರ ಹಾಗೆ ಕಂಡರು. ಕೂಗದೆ, ಮೆಲ್ಲಗೆ ಮಾತಾಡಿದರು.

"ಹೇಳೋಣ ಅಂತಾನೇ ಎದ್ದೆ ಕಣೋ. ಎಲ್ರೂ ಆಗ್ಲೇ ನಗಾಕ್ ಶುರು ಮಾಡಿದ್ರು. ನಾನ್ ಮಾಡಿದ್ದಕ್ಕೆ ಯಾವತ್ತು ಅಷ್ಟು ಜನ ನಕ್ಕಿದ್ರು ಹೇಳು?"

ಬೇರೆ ಯಾವ ಕಾರಣ ಕೊಟ್ಟಿದ್ದರೂ ಜಗಳವಾಡಬಹುದಿತ್ತು. ನಾನು ಎದ್ದು ಹೋಗಿ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೆ. ದೇವನಹಳ್ಳಿಯಲ್ಲಿ ಎಷ್ಟೋ ಸೀಟು ಖಾಲಿಯಾದವು. ಅಪ್ಪ ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿ ನನಗಾಗಿ ಹಿಡಿದೇ ಇದ್ದರು. ದೊಡ್ಡಬಳ್ಳಾಪುರ ಬರುವವರೆಗೂ ನಾನು ಹೋಗಿ ಕೂರಲಿಲ್ಲ.