ಸೀಲು ಹೊಡೆಯುವ ಕೈ

ಸೀಲಮ್ಮನನ್ನು ಮಣಿಯಕ್ಕ ಮೊದಲು ನೋಡಿದ್ದು ಒಂದು ಗುರುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಆಗ ಮಣಿಯಕ್ಕ ಅಂಗಡಿಯ ಮೇಜಿನ ಮುಂದೆ ಕೂತು, ತಟ್ಟೆಯಲ್ಲಿದ್ದ ಮುತ್ತುಮಣಿಗಳಲ್ಲಿ ಒಡೆದವನ್ನು ಸೂಜಿಯ ಮೊನೆಯಿಂದ ಬೇರೆ ಮಾಡುತ್ತಿದ್ದಳು. ಅಂಗಡಿ ಎಂದರೆ ರಸ್ತೆಯ ಮಟ್ಟಕ್ಕೇ ಇದ್ದ ಒಂದೇ ಒಂದು ಕೋಣೆ. ಒಂದು ಗೋಡೆಗೆ ದಪ್ಪ ಕಾಗದದ ಕಟ್ಟುಗಳು, ಇನ್ನೊಂದಕ್ಕೆ ರಬ್ಬರಿನ ಅಚ್ಚುಗಳನ್ನು ಜೋಡಿಸಿದ ಹಲಗೆ, ನಡುವೆ ಮೇಜು, ಮೇಜಿನ ತುದಿಯಲ್ಲಿ ಉದ್ದ ಕಬ್ಬಿಣದ ಹಿಡಿಯಿದ್ದ ಕಾಗದ ಕತ್ತರಿಸುವ ಯಂತ್ರ. ಹುಟ್ಟುಹಬ್ಬಕ್ಕೆ, ಮದುವೆಗೆ, ಮಗು ಹುಟ್ಟಿದ ಮನೆಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೈಯಲ್ಲೇ ಕಾರ್ಡು ಮಾಡಿ ಮಾರುವುದು ಅವಳ ಕಸುಬು. ಇಪ್ಪತ್ತೆರಡು ವರ್ಷ ಕಾರ್ಡಿಗೆ ಮಣಿ ಅಂಟಿಸಿ ಅಂಟಿಸಿ ಅವಳಿಗೂ ಆ ಹೆಸರೇ ಅಂಟಿಕೊಂಡಿತ್ತು.

ಬೆಳಕಿಗೆ ಅಡ್ಡವಾಗಿ ಯಾರೋ ನಿಂತಂತಾಗಿ ತಲೆ ಎತ್ತಿದಳು. ಬಾಗಿಲು ತುಂಬುವ ಹೆಂಗಸು. ನಲವತ್ತರ ಒಳಗಿನ ವಯಸ್ಸು. ಎರಡೂ ಕೈ ಮಣಿಕಟ್ಟಿನವರೆಗೆ ನೇರಳೆ ಬಣ್ಣ. ಮೈಯಿಂದ ಫಿನಾಯಿಲ್ ಮತ್ತು ಹಸಿ ಕೊಬ್ಬಿನ ವಾಸನೆ ಬರುತ್ತಿತ್ತು.

"ಹೆದರಬೇಡ ಅಂತ ಬರೆದಿರೋ ಕಾರ್ಡು ಇದ್ಯಾ?"

"ಹಾಗಂದ್ರೆ?"

"ಹಾಗಂದ್ರೆ ಹಾಗೇ. ಕನ್ನಡ ಬರಲ್ವಾ ನಿಂಗೆ?"

"ಬರುತ್ತೆ ತಾಯಿ. ಆದ್ರೆ ಆ ಮಾತು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ."

ಅಷ್ಟರಲ್ಲಿ ಮದುವೆಯ ಕಾರ್ಡು ಕೇಳಲು ಬಂದ ಒಬ್ಬ ಗಂಡಸು ಅವಳ ತೋಳಿನ ಕೆಳಗೆ ನುಗ್ಗಿ, "ನಂದು ಅರ್ಜೆಂಟು" ಅಂದ. ಅವಳು ತಿರುಗಿಯೂ ನೋಡದೆ ಅಂಗೈಯನ್ನು ಅವನ ಎದೆಗಿಟ್ಟು ಒಂದು ಸಲ ನೂಕಿದಳು. ಅವನು ರಸ್ತೆಯಲ್ಲಿ ಕುಕ್ಕರುಬಡಿದು ಕೂತ. ಬಿಳಿ ಅಂಗಿಯ ಮೇಲೆ ಐದು ಬೆರಳು ನೇರಳೆಯಾಗಿ ಮೂಡಿತ್ತು. "ಈಗ ನಿಂಗೆ ಪುರಸೊತ್ತು ಇರಬೇಕು," ಅಂದಳು. ಅವನು ಎದ್ದವನು ಹಿಂದೆ ನೋಡಲಿಲ್ಲ. ಒಂದು ಗಿರಾಕಿ ಹೋಯಿತಲ್ಲ ಎಂದು ಬೇಸರವಾದರೂ ಮಣಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ಹಾಗೆ ನಕ್ಕದ್ದಕ್ಕೆ ಅವಳು ಆಮೇಲೆ ತುಂಬ ಪಶ್ಚಾತ್ತಾಪಪಟ್ಟಳು.

ಆ ಹೆಂಗಸು ನಗರದ ಅಂಚಿನ ಕಸಾಯಿಖಾನೆಯಲ್ಲಿ ಕೆಲಸಕ್ಕಿದ್ದಳು. ಕೊಕ್ಕೆಗೆ ನೇತುಹಾಕಿದ ದನ, ಹಂದಿಗಳ ಮಾಂಸವನ್ನು ಡಾಕ್ಟರು ನೋಡಿ ತಲೆಯಾಡಿಸಿದ ಮೇಲೆ, ತೊಡೆಗೊಂದು ಭುಜಕ್ಕೊಂದು ನೇರಳೆ ಶಾಯಿಯ ಹಿತ್ತಾಳೆ ಸೀಲು ಹೊಡೆಯುವುದು ಅವಳ ಕೆಲಸ. ಅದಕ್ಕೇ ಎಲ್ಲರಿಗೂ ಸೀಲಮ್ಮ. "ಶೀಲಮ್ಮ ಅಲ್ಲ, ಸೀಲಮ್ಮ. ಶೀಲ ಇದ್ದಿದ್ರೆ ಗಂಡ ಓಡಿಹೋಗ್ತಿರ್ಲಿಲ್ಲ ಅಂತಾರೆ ನಮ್ಮೋರು," ಎಂದು ತಾನೇ ಹೇಳಿಕೊಂಡಳು. ಹಾಗೆ ಅಂದವನ ಹಲ್ಲು ಈಗ ಎಷ್ಟು ಉಳಿದಿವೆ ಎಂಬುದನ್ನೂ ಹೇಳಿದಳು.

ಕಾರ್ಡು ಮಗಳಿಗೆ. ಹದಿಮೂರು ವರ್ಷದ ಹುಡುಗಿ. ಮೂರು ತಿಂಗಳ ಹಿಂದೆ ಮೆಟ್ಟಿಲಿಂದ ಬಿದ್ದು ಎಡಗಿವಿಯ ತಮಟೆ ಹರಿದಿತ್ತು. ಆಸ್ಪತ್ರೆಯಿಂದ ಬಂದವಳೇ ಒಂದು ಸಂಜೆ ಯಾರಿಗೂ ಹೇಳದೆ, ಕಾಲಿಗೆ ಒಂದೇ ಚಪ್ಪಲಿ ಹಾಕಿಕೊಂಡು ದೊಡ್ಡಮ್ಮನ ಮನೆ ಸೇರಿದ್ದಳು. ದೊಡ್ಡಮ್ಮ ಎಂದರೆ ಸೀಲಮ್ಮನ ಅಕ್ಕ, ಬಟ್ಟೆ ಹೊಲಿಯುವವಳು. ಏನು ಕೇಳಿದರೂ ಹುಡುಗಿ ಬಾಯಿ ಬಿಡಲಿಲ್ಲ. "ಬಿದ್ದೆ" ಎನ್ನುವ ಒಂದೇ ಮಾತು. ಕೊನೆಗೆ ಅಕ್ಕನಿಗೂ ಸಾಕಾಗಿ, "ಬಿದ್ದಿದ್ದಕ್ಕೆ ಅಮ್ಮನ ಮೇಲೆ ಏನೇ ಮುನಿಸು? ಬರೋ ವಾರದ ಭಾನುವಾರ ನಿನ್ನ ಬಿಟ್ಟುಬರ್ತೀನಿ" ಎಂದು ಹೇಳಿಬಿಟ್ಟಿದ್ದಳು. ಅಂದರೆ ಇನ್ನು ಹತ್ತು ದಿನ.

"ಬಾಗಿಲಲ್ಲೇ ಕಾರ್ಡು ಕೊಡ್ತೀನಿ. ಹೆದರಬೇಡ ಅಂತ ಇದ್ರೆ ಒಳಗೆ ಬರ್ತಾಳೆ."

"ನಾಡಿದ್ದು ಬಾ, ಮಾಡಿಟ್ಟಿರ್ತೀನಿ."

"ನೀನು ಮಾಡಿದ್ರೆ ಅದು ನಿನ್ನ ಕಾರ್ಡು. ನಾನು ಮಾಡ್ಬೇಕು. ಹೇಳ್ಕೊಡು."

ಹೀಗೆ ಶುರುವಾಯಿತು. ಕೆಲಸ ಮುಗಿಸಿ ದಿನವೂ ಮಧ್ಯಾಹ್ನ ಬರುತ್ತಿದ್ದಳು. ಅಚ್ಚು ಕೆತ್ತುವುದನ್ನು ಅವಳು ಒಂದೇ ದಿನಕ್ಕೆ ಕಲಿತಳು. ತೆಳು ಕಾಗದದ ಮೇಲೆ ಪೆನ್ಸಿಲಿನಿಂದ ಅಕ್ಷರ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ತಿಕ್ಕಿದರೆ ಅಕ್ಷರ ಉಲ್ಟಾ ಮೂಡುತ್ತದೆ. ಸುತ್ತಲಿನ ರಬ್ಬರನ್ನು ಬ್ಲೇಡಿನಿಂದ ಕೆತ್ತಿ ತೆಗೆದರೆ ಅಕ್ಷರ ಎದ್ದು ನಿಲ್ಲುತ್ತದೆ. ಸೀಲಮ್ಮನ ಕೈಯಲ್ಲಿ ಬ್ಲೇಡು ಒಮ್ಮೆಯೂ ಜಾರಲಿಲ್ಲ. "ಚರ್ಮದಿಂದ ಕೊಬ್ಬು ಬಿಡಿಸೋದೂ ಹೀಗೇ," ಅಂದಳು. ರಿಬ್ಬನ್ನು ಗಂಟು ಹಾಕುವುದನ್ನು, ಚಮಕಿಗೆ ಎಷ್ಟು ಗೋಂದು ಬೇಕು ಎನ್ನುವುದನ್ನು ಕಲಿತಳು. ಕಲಿಯಲಾಗದ್ದು ಒಂದೇ, ಅಚ್ಚನ್ನು ಕಾಗದದ ಮೇಲೆ ಇಡುವುದು. ಅವಳು ಅಚ್ಚು ಹಿಡಿದರೆ ತೋಳು ತಾನಾಗಿಯೇ ಕಿವಿಯವರೆಗೆ ಏಳುತ್ತಿತ್ತು. ಧಡ್ ಎಂದು ಬೀಳುತ್ತಿತ್ತು. ಮೇಜು ಅದುರಿ ಮಣಿಗಳು ತಟ್ಟೆಯಿಂದ ಹಾರುತ್ತಿದ್ದವು. ಶಾಯಿ ಹರಡಿ 'ಹೆ' ಒಂದು ಮುದ್ದೆ, 'ಡ' ಇನ್ನೊಂದು ಮುದ್ದೆ.

"ಹೊಡೀಬೇಡ ಮಾರಾಯ್ತಿ, ಒತ್ತು. ಇಡು, ಅಂಗೈ ಭಾರ ಬಿಡು, ಐದು ಎಣಿಸು, ನೆಟ್ಟಗೆ ಎತ್ತು."

"ಸೀಲು ಹೊಡಿ ಅಂತಾರೆ ಎಲ್ರೂ. ಸೀಲು ಒತ್ತು ಅಂದೋರನ್ನ ನಾನು ನೋಡಿಲ್ಲ. ದಿನಕ್ಕೆ ಇನ್ನೂರು ತೊಡೆಗೆ ಹೊಡೀತೀನಿ ನಾನು."

"ಅವು ಸತ್ತ ತೊಡೆ. ಇದು ಕಾಗದ."

"ಕಾಗದಕ್ಕೇನು ಜೀವ ಇದ್ಯಾ?"

ಮಣಿಯಕ್ಕ ಇನ್ನೊಂದು ಹಾಳೆ ಮುಂದಿಟ್ಟಳು. ಬುಧವಾರದ ಹೊತ್ತಿಗೆ ಅರವತ್ತು ಹಾಳೆ ಹಾಳಾಗಿದ್ದವು.

ಮರುದಿನ ಕಸಾಯಿಖಾನೆಯಲ್ಲಿ ನಡೆದದ್ದನ್ನು ಮಣಿಯಕ್ಕನಿಗೆ ಓಡಿಬಂದು ಹೇಳಿದವನು ಎದುರಿನ ಟೀ ಅಂಗಡಿಯವನು. ಚರ್ಮ ಸುಲಿಯುವವನೊಬ್ಬ ಸೀಲಮ್ಮನಿಗೆ, "ಏನಂತೆ, ನಿನ್ನ ಕಿವುಡಿ ಭಾನುವಾರ ಬರ್ತಾಳಂತೆ? ಬಾಗಿಲು ಬಡಿದ್ರೆ ಕೇಳಿಸುತ್ತಾ ಅವಳಿಗೆ?" ಎಂದನಂತೆ. ಮಾತು ಮುಗಿಯುವ ಮೊದಲೇ ಹಿತ್ತಾಳೆಯ ಸೀಲು ಅವನ ದವಡೆಗೆ ಬಿದ್ದಿತ್ತು. ಎರಡನೆಯ ಏಟಿಗೆ ಮೂಳೆ ಮುರಿದ ಸದ್ದು ಆಚೆಯ ಸಾಲಿನವರಿಗೂ ಕೇಳಿಸಿತು. ಅವನು ನೆತ್ತರು ತೊಳೆಯುವ ಕಾಲುವೆಗೆ ಬಿದ್ದ. ಅವಳು ಎದೆಯ ಮೇಲೆ ಮಂಡಿಯೂರಿ ಕೂತು ಮೂರನೆಯದನ್ನೂ ಕೊಟ್ಟಳು. ನಾಲ್ಕು ಜನ ಸೇರಿ ಎಳೆದರು. ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಕೆನ್ನೆಯ ಮೇಲೆ 'ತಿನ್ನಲು ಯೋಗ್ಯ' ಎಂದು ಸ್ಪಷ್ಟವಾಗಿ ಮೂಡಿತ್ತು.

"ಡಾಕ್ಟರು ನಗ್ತಾ ನಗ್ತಾ ಹೊಲಿಗೆ ಹಾಕಿದ್ರಂತೆ," ಎಂದು ಟೀ ಅಂಗಡಿಯವನು ಹೊಟ್ಟೆ ಹಿಡಿದುಕೊಂಡ. ಈ ಸಲ ಮಣಿಯಕ್ಕ ನಗಲಿಲ್ಲ.

ಅವನು ಅತ್ತ ಹೋದ, ಸೀಲಮ್ಮ ಇತ್ತ ಬಂದಳು. ಗೆಣ್ಣುಗಳು ಸುಲಿದಿದ್ದವು. ಬಟ್ಟೆಯ ಮೇಲಿದ್ದ ರಕ್ತದಲ್ಲಿ ಯಾವುದು ದನದ್ದು, ಯಾವುದು ದವಡೆ ಮುರಿದವನದ್ದು ಎಂದು ಹೇಳುವಂತಿರಲಿಲ್ಲ. ಕೆಲಸದಿಂದ ತೆಗೆದಿದ್ದರು. ಅವಳು ಅದರ ಮಾತೇ ಎತ್ತದೆ ಹಾಳೆ ಎಳೆದುಕೊಂಡು ಅಚ್ಚಿಗೆ ಶಾಯಿ ತಟ್ಟಿದಳು. ಧಡ್. ಮುದ್ದೆ. ಇನ್ನೊಂದು ಹಾಳೆ. ಧಡ್. ಏಳನೆಯ ಹಾಳೆಗೆ ಮಣಿಯಕ್ಕ ಅವಳ ಮಣಿಕಟ್ಟು ಹಿಡಿದಳು.

"ಇವತ್ತು ಬೇಡ ಬಿಡು. ಈ ಕೈಯಲ್ಲಿ ಹೆದರಬೇಡ ಅಂತ ಬರೆದು ಕೊಟ್ರೆ ಯಾವ ಮಗು ನಂಬುತ್ತೆ ಹೇಳು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಮಣಿಯಕ್ಕ ಆ ಕೈ ಏಳುವುದನ್ನು ನೋಡಲೇ ಇಲ್ಲ. ಅಂಗೈ ಅವಳ ಕೆನ್ನೆ, ಕಿವಿ ಎರಡನ್ನೂ ಸೇರಿಸಿ ಬಡಿಯಿತು. ಹಣೆ ಹೋಗಿ ಯಂತ್ರದ ಕಬ್ಬಿಣದ ಹಿಡಿಗೆ ಅಪ್ಪಳಿಸಿತು. ಮಣಿಯ ತಟ್ಟೆಯೊಂದಿಗೆ ಅವಳೂ ನೆಲಕ್ಕೆ ಬಿದ್ದಳು. ತಲೆಯೊಳಗೆ ಒಂದು ಸಣ್ಣ ಸಿಳ್ಳೆ ಶುರುವಾಯಿತು, ಬಾಯಿಗೆ ಉಪ್ಪುಪ್ಪಾದ ರಕ್ತ ಬಂತು. ಹುಬ್ಬಿನಿಂದ ಸೋರಿದ ರಕ್ತ ಬಿಳಿ ಲೇಸಿನ ಸುರುಳಿಯನ್ನು ಪದರಪದರವಾಗಿ ನೆನೆಸುತ್ತಿರುವುದು ಕಂಡಿತು.

ಸೀಲಮ್ಮ ಬಾಗಿಲ ಷಟರು ಕೆಳಗೆಳೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ತೀರಾ ಮೆಲ್ಲನೆ, ಅಭ್ಯಾಸವಾದ ದನಿಯಲ್ಲಿ ಹೇಳಿದಳು:

"ಬಿದ್ದೆ ಅಂತ ಹೇಳು ಅಕ್ಕಾ. ಯಾರಾದ್ರೂ ಕೇಳಿದ್ರೆ, ಮೆಟ್ಟಿಲಿಂದ ಬಿದ್ದೆ ಅಂತ ಹೇಳು."

ಮಣಿಯಕ್ಕ ಬಾಯಲ್ಲಿದ್ದ ರಕ್ತ ಉಗುಳಿದಳು.

"ನನ್ನ ಅಂಗಡೀಲಿ ಮೆಟ್ಟಿಲೇ ಇಲ್ವಲ್ಲೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸೀಲಮ್ಮನ ಮುಖದ ಬಣ್ಣ ಹೋಯಿತು.

"ಆ ಮಗೂಗೂ ಹೀಗೇ ಹೇಳಿಕೊಟ್ಟೆ ಅಲ್ವಾ? ಹೀಗೇ ಪಕ್ಕದಲ್ಲಿ ಕೂತ್ಕೊಂಡು?"

ಮಣಿಯಕ್ಕನ ಕೈಗೆ ನೆಲದ ಮೇಲೆ ಬಿದ್ದಿದ್ದ ಕೆತ್ತುವ ಬ್ಲೇಡು ಸಿಕ್ಕಿತು. ಐವತ್ತು ವರ್ಷದಲ್ಲಿ ಯಾರ ಮೇಲೂ ಕೈ ಎತ್ತದವಳಿಗೆ, ಎದುರಿಗಿದ್ದ ಆ ಕುತ್ತಿಗೆಯಲ್ಲಿ ನರ ಎಲ್ಲಿ ಹೊಡೆದುಕೊಳ್ಳುತ್ತಿದೆ ಎನ್ನುವುದು ಬಹಳ ಸ್ಪಷ್ಟವಾಗಿ ಕಾಣಿಸಿತು. ಬ್ಲೇಡು ಹಿಡಿದ ಕೈ ಮುಂದಕ್ಕೂ ಹೋಯಿತು. ಸೀಲಮ್ಮ ಹಿಂದೆ ಸರಿಯಲಿಲ್ಲ.

"ಎದ್ದು ಹೋಗು," ಎಂದಳು ಮಣಿಯಕ್ಕ. "ನಾನು ನಿನ್ನಂಗೆ ಆಗೋಕೆ ಮುಂಚೆ ಎದ್ದು ಹೋಗು."

ಹಣೆಗೆ ಐದು ಹೊಲಿಗೆ ಬಿತ್ತು. ಹೇಗಾಯಿತು ಎಂದು ನರ್ಸು ಕೇಳಿದಾಗ ಮಣಿಯಕ್ಕ, "ಹೊಡೆದ್ರು" ಎಂದಳು. ಅಷ್ಟು ಹೇಳುವುದೇ ಅವಳಿಗೆ ಕಷ್ಟವಾಯಿತು. ಹದಿಮೂರು ವರ್ಷದ ಮಗುವಿಗೆ ಎಷ್ಟು ಕಷ್ಟವಾಗಿರಬೇಡ ಎನ್ನಿಸಿತು.

ಶನಿವಾರ ಮಧ್ಯಾಹ್ನ ಅಂಗಡಿಯ ಷಟರು ಅರ್ಧ ಇಳಿದಿತ್ತು. ಅದರ ಕೆಳಗೆ, ಶಾಯಿ ಸೋರಿ ನೇರಳೆಯಾದ ಎರಡು ಪಾದಗಳು ಬಂದು ನಿಂತವು.

"ಒಂದು ರಬ್ಬರು ಬೇಕಿತ್ತು."

"ಒಳಗೆ ಕಾಲಿಟ್ರೆ ಕೂಗ್ತೀನಿ."

"ಇಡಲ್ಲ. ಹೊರಗೇ ಕೂತ್ಕೋತೀನಿ. ಮಾತು ಬದಲಾಯಿಸ್ಬೇಕು."

"ಏನು ಮಾತು?"

"ನೀನು ಬಿದ್ದಿದ್ದಲ್ಲ, ನಾನು ಹೊಡೆದೆ."

ಮಣಿಯಕ್ಕ ಷಟರಿನ ಹತ್ತಿರ ಬಂದಳು. "ಅದನ್ನ ಕೊಟ್ರೆ ನಿಮ್ಮಕ್ಕ ಮಗಳನ್ನ ಕಳಿಸಲ್ಲ. ಗೊತ್ತಾ?"

"ಗೊತ್ತು."

"ಮತ್ತೆ?"

"ನಿಂಗೆ ಹೊಡೆದು ಉಸಿರು ಬಿಡೋಕೆ ಮುಂಚೆ ಬಿದ್ದೆ ಅಂತ ಹೇಳು ಅನ್ನೋ ಮಾತು ನನ್ನ ಬಾಯಿಗೆ ಬಂತಲ್ಲ ಅಕ್ಕಾ. ಭಾನುವಾರ ಅವಳು ಬಂದ್ರೆ, ಸೋಮವಾರವೋ ಮಂಗಳವಾರವೋ ಅವಳಿಗೆ ಮತ್ತೆ ಅದೇ ಹೇಳ್ತೀನಿ."

ಮಣಿಯಕ್ಕ ತೆಳು ಕಾಗದದ ಮೇಲೆ ಅಕ್ಷರ ಬರೆದು ಷಟರಿನ ಕೆಳಗೆ ತಳ್ಳಿದಳು. ರಬ್ಬರು, ಬ್ಲೇಡು, ಶಾಯಿ ಪ್ಯಾಡು, ಒಂದೇ ಒಂದು ಮಡಿಸಿದ ಹಾಳೆ. ಎರಡನೆಯ ಹಾಳೆ ಕೊಡಲಿಲ್ಲ. ಸೀಲಮ್ಮ ಬಿಸಿಲಲ್ಲಿ ಕೂತು ಮೂರು ಗಂಟೆ ಕೆತ್ತಿದಳು. ಕೊನೆಗೆ ಅಚ್ಚನ್ನು ಹಾಳೆಯ ಮೇಲೆ ಇಟ್ಟು, ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಕಳ್ಳನನ್ನು ಹಿಡಿದಂತೆ ಹಿಡಿದು, ಐದು ಎಣಿಸಿದಳು. ಅಕ್ಷರ ಮೂಡಿತು. ಸಾಲು ಸೊಟ್ಟಗಿತ್ತು, ಒಂದು ಮೂಲೆಯಲ್ಲಿ ಶಾಯಿ ಹೆಚ್ಚಾಗಿತ್ತು. ಮಾರುವ ಕಾರ್ಡಾಗಿದ್ದರೆ ಮಣಿಯಕ್ಕ ಬುಟ್ಟಿಗೆ ಹಾಕುತ್ತಿದ್ದಳು.

"ಮಣಿ ಬೇಕಾ?" ಎಂದು ಅಭ್ಯಾಸಬಲದಿಂದ ಕೇಳಿದಳು.

"ಇದಕ್ಕೆಂಥ ಮಣಿ," ಎಂದಳು ಸೀಲಮ್ಮ. "ನಾಳೆ ನೀನೂ ಬಾ. ಕಾರ್ಡು ನಿನ್ನ ಹತ್ರ ಇರ್ಲಿ. ದಾರೀಲಿ ಹರಿದುಹಾಕಿಬಿಡ್ತೀನೇನೋ ನಾನು."

ಭಾನುವಾರ ಸೀಲಮ್ಮನ ಅಕ್ಕ ತನ್ನ ಮನೆಯಲ್ಲಿ ಹುಡುಗಿಯ ಚೀಲ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. "ನಾನೇ ಕರ್ಕೊಂಡು ಬರ್ತಿದ್ನಲ್ಲೇ," ಎಂದು ತಂಗಿಗೆ ಅಂದವಳು ಮಣಿಯಕ್ಕನ ಹಣೆಯ ಪಟ್ಟಿ ನೋಡಿ ಬಾಗಿಲಿಂದ ಪಕ್ಕಕ್ಕೆ ಸರಿದಳು. ಹುಡುಗಿ ಗೋಡೆಗೊರಗಿ, ಬಲಗಿವಿಯನ್ನು ಬಾಗಿಲ ಕಡೆಗೆ ಮಾಡಿ ಕೂತಿದ್ದಳು. ಮಣಿಯಕ್ಕ ಕಾರ್ಡು ಕೊಟ್ಟಳು. ಹುಡುಗಿ ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಎದ್ದು ಅದನ್ನು ದೊಡ್ಡಮ್ಮನ ಕೈಗೆ ಕೊಟ್ಟಳು.

ಅಕ್ಕನ ಕೈಗೆ ಸಿಕ್ಕಿದ್ದು ಬಟ್ಟೆ ಅಳೆಯುವ ಮರದ ಪಟ್ಟಿ. ಮೊದಲ ಏಟು ಸೀಲಮ್ಮನ ಭುಜಕ್ಕೆ ಬಿತ್ತು, ಎರಡನೆಯದು ಬಾಯಿಗೆ.

"ಮೂರು ತಿಂಗಳು! ಮೂರು ತಿಂಗಳು ಆ ಮಗೂನ ನಾನು ಬೈದೆನಲ್ಲೇ, ಹಾಳಾದವಳೇ! ಹಟಮಾರಿ ಅಂದೆ, ಸುಳ್ಳಿ ಅಂದೆ! ನನ್ನ ಬಾಯಲ್ಲೂ ಅವಳಿಗೆ ಹೊಡೆಸಿದೆಯಲ್ಲೇ ನೀನು!"

ಸೀಲಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ಪಟ್ಟಿ ಬೆನ್ನ ಮೇಲೆ ಎರಡು ತುಂಡಾಯಿತು. ಅಕ್ಕ ತುಂಡಿನಿಂದಲೇ ಹೊಡೆದಳು. ಮಣಿಯಕ್ಕ ಬಿಡಿಸಲು ಹೋಗಲಿಲ್ಲ. ಹೋಗಬೇಕು ಅನ್ನಿಸಲೂ ಇಲ್ಲ ಎಂದು ಆಮೇಲೆ ತಾನೇ ಒಪ್ಪಿಕೊಂಡಳು.

ನಿಲ್ಲಿಸಿದವಳು ಹುಡುಗಿ. ಇಬ್ಬರ ನಡುವೆ ಬಂದು ನಿಂತು, ಅಮ್ಮನ ಮುಖ ನೋಡಿ ಕೇಳಿದಳು:

"ಇನ್ನು ಯಾರಾದ್ರೂ ಕೇಳಿದ್ರೆ ನಾನು ಬಿದ್ದೆ ಅಂತ ಹೇಳ್ಬೇಕಾ?"

"ಬೇಡ."

"ಡಾಕ್ಟರಿಗೂ?"

"ಯಾರಿಗೂ ಬೇಡ."

ಹುಡುಗಿ ಬಾಗಿಲ ಬಳಿಯ ಚೀಲ ಎತ್ತಿಕೊಂಡು ಒಳಗೆ ಹೋದಳು. ಬಟ್ಟೆಗಳನ್ನು ಒಂದೊಂದಾಗಿ ತೆಗೆದು ದೊಡ್ಡಮ್ಮನ ಕಪಾಟಿನಲ್ಲಿ ಜೋಡಿಸುವ ಸದ್ದು ಹೊರಗಿನ ಮೂವರಿಗೂ ಕೇಳಿಸುತ್ತಿತ್ತು. ಸೀಲಮ್ಮ ಅದು ಮುಗಿಯುವವರೆಗೂ ನಿಂತಿದ್ದು, ಬಾಯಿ ಒರೆಸಿಕೊಂಡು ಹೊರಟಳು.

ಚರ್ಮ ಸುಲಿಯುವವನ ದವಡೆ ಮುರಿದದ್ದಕ್ಕೆ ಅವಳಿಗೆ ನಾಲ್ಕು ತಿಂಗಳ ಜೈಲಾಯಿತು. ಅದು ಕಳೆದು ಎರಡು ವರ್ಷವಾಗಿದೆ. ಹುಡುಗಿ ದೊಡ್ಡಮ್ಮನ ಮನೆಯಲ್ಲೇ ಇದ್ದಾಳೆ, ಕಿವಿಗೆ ಆಪರೇಷನ್ ಆಗಿದೆ. ತಿಂಗಳಿಗೊಂದು ಸಲ, ದೊಡ್ಡಮ್ಮ ಎದುರಿಗಿದ್ದಾಗ ಮಾತ್ರ, ಅಮ್ಮನ ಜೊತೆ ಅರ್ಧ ಗಂಟೆ ಕೂರುತ್ತಾಳೆ. ಸೀಲಮ್ಮ ಈಗ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಒಗೆದು ಹಿಂಡುವ ಯಂತ್ರ ನೋಡಿಕೊಳ್ಳುತ್ತಾಳೆ. ಶನಿವಾರ ಮಧ್ಯಾಹ್ನ ಮಣಿಯಕ್ಕನ ಅಂಗಡಿಯ ಹೊರಗೆ ಕೂತು ಅಚ್ಚು ಕೆತ್ತಿಕೊಡುತ್ತಾಳೆ.