ಕಡಲ ಮುಂದೆ ಊರಿದ ಗೂಟ

ಸೆಬಾಕೋಪೆಯಲ್ಲಿ ಯಾರೂ ಕಡಲಿಗೆ ಬೆನ್ನು ಹಾಕಿ ಊಟಕ್ಕೆ ಕೂರುವುದಿಲ್ಲ. ಮುಂದೆ ಕಡಲು, ಹಿಂದೆ ಹಿನ್ನೀರು, ನಡುವೆ ಹರಿದ ಸೆರಗಿನಷ್ಟು ಮರಳು; ಆ ಮರಳಿನ ಮೇಲೆ ಊರು. ಅಜ್ಜಂದಿರ ಕಾಲದ ಅಂಗಡಿ ಬೀದಿ ಈಗ ಅಲೆಗಳ ಕೆಳಗಿದೆ. ರಂಪಣಿ ಬಲೆ ಎಳೆಯುವಾಗ ಒಮ್ಮೊಮ್ಮೆ ಮೀನಿನ ಜೊತೆ ಯಾರದೋ ಮನೆಯ ಕಿಟಕಿಯ ಚಿಲಕ ಬರುತ್ತದೆ. ಬಂದರೆ ಹಾಡುತ್ತಿದ್ದವರು ಹಾಡು ನಿಲ್ಲಿಸಿ, ಅದನ್ನು ಮತ್ತೆ ನೀರಿಗೆ ಎಸೆದು, ಮೊದಲಿಂದ ಹಾಡು ಹಿಡಿಯುತ್ತಾರೆ.

ಇಂಥ ಊರಿನಲ್ಲಿ ಕೋಮ್ಲಾ ದೊತ್ಸೆ ಎಂಬ ಭೂಗೋಳದ ಮೇಷ್ಟ್ರು ಒಂದು ಸಂಘ ನಡೆಸುತ್ತಿದ್ದ. ಆಫ್ರಿಕಾ ಭೂಗೋಳ ಸಂಘ, ಕರಾವಳಿ ಶಾಖೆ. ಮೂಲ ಸಂಘ ರಾಜಧಾನಿ ಅಕ್ರಾದಲ್ಲಿ, ಪ್ರೊಫೆಸರುಗಳ ನಡುವೆ ಇತ್ತು. ಶಾಖೆ ಮಾತ್ರ ಈ ಶಾಲೆಯ ಕೊನೆಯ ಕೋಣೆಯಲ್ಲಿ, ಉಪ್ಪುಗಾಳಿಗೆ ತುಕ್ಕು ಹಿಡಿದು ತಿರುಗದೆ ನಿಂತ ಒಂದು ಭೂಗೋಳದ ಗುಂಡಿನ ಸುತ್ತ ಕೂಡುತ್ತಿತ್ತು. ಔಷಧಿ ಅಂಗಡಿಯವನು, ಸುಂಕದ ಕಟ್ಟೆಯ ಗುಮಾಸ್ತ, ಪ್ರಾರ್ಥನಾಮಂದಿರದ ಉಪದೇಶಿ, ಆಚೀಚೆ ಊರುಗಳ ಮೇಷ್ಟ್ರುಗಳು ಸದಸ್ಯರು. ಇವರನ್ನು ಒಂದೆಡೆ ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಒಬ್ಬ ಬಂದರೆ ಇನ್ನೊಬ್ಬ ಸಾವಿನ ಮನೆಗೆ ಹೋಗಿರುತ್ತಿದ್ದ. ಕೋಮ್ಲಾ ಸೈಕಲ್ ಏರಿ ಮನೆಮನೆಗೆ ಹೋಗಿ ಕರೆಯುತ್ತಿದ್ದ, ಕುರ್ಚಿ ತಾನೇ ಹೊರುತ್ತಿದ್ದ, ನೈಜರ್ ನದಿಯ ಮೇಲೋ ಮರಳುಗಾಡಿನ ಬಾವಿಗಳ ಮೇಲೋ ತಾನೇ ಭಾಷಣ ಓದಿ, ತಾನೇ ವಂದನೆ ಹೇಳುತ್ತಿದ್ದ. ನಮ್ಮ ನದಿಗಳ ಉದ್ದವನ್ನು ಪರದೇಶದವರು ಬಂದು ಅಳೆದು ನಮಗೇ ಪಾಠ ಹೇಳಿದರು, ಮನೆ ಮುಂದಿನ ಮರಳನ್ನಾದರೂ ನಾವೇ ಅಳೆಯೋಣ ಎಂಬುದು ಅವನ ಹಟ.

ಹಾಗೆ ಅಳೆಯಲು ಹೊರಟದ್ದೇ ಫಜೀತಿಗೆ ಬಂತು.

ಮೊದಮೊದಲು ಶಾಖೆಯವರು ವರ್ಷಕ್ಕೊಮ್ಮೆ ದೊಡ್ಡ ಅಲೆಗಳ ತಿಂಗಳು ಮುಗಿದ ಮೇಲೆ ಕಡಲು ಎಲ್ಲಿಗೆ ಬಂದು ನಿಂತಿದೆಯೋ ಅಲ್ಲಿ ಒಂದು ಕಬ್ಬಿಣದ ಸರಳು ಊರುತ್ತಿದ್ದರು. ಅದನ್ನು ಯಾರೂ ಗಮನಿಸಲಿಲ್ಲ. ಕಡಲು ಉಂಡೆದ್ದ ಎಲೆಗೆ ಗುರುತು ಹಾಕಿದರೆ ಯಾರಿಗೇನು? ಆಮೇಲೆ ಕೋಮ್ಲಾನಿಗೆ ಲೆಕ್ಕ ಕೈಹತ್ತಿತು. ಹಿಂದಿನ ಸರಳುಗಳ ನಡುವಿನ ದೂರ ನೋಡಿ, ಗಾಳಿ ನೋಡಿ, ಬರುವ ವರ್ಷ ಕಡಲು ಎಲ್ಲಿಗೆ ಬಂದೀತು ಎಂದು ಗುಣಿಸಿ, ಅಲ್ಲಿ ಮುಂಚಿತವಾಗಿ ಅಂಥದೇ ಸರಳಿನ ಗೂಟ ಊರಿದ. ತುಕ್ಕು ಹಿಡಿಯಬಾರದೆಂದು ಕೆಂಪು ಬಣ್ಣ ಬಳಿದ. ಆ ವರ್ಷದ ಗೂಟ ಬಿದ್ದದ್ದು ಸೆವೋರನ ಬಲೆಮನೆಯ ಹಿಂದೆ. ಸೆವೋರ್ ಊರಿನ ದೊಡ್ಡ ಬಲೆಯ ಒಡೆಯ; ಆಳೆತ್ತರ, ಮಾತು ಕಡಿಮೆ. ಗೂಟ ನೋಡಿ ನಕ್ಕು ಸುಮ್ಮನಾಗಿದ್ದ. ಮಳೆಗಾಲದಲ್ಲಿ ಕಡಲು ಬಲೆಮನೆಯನ್ನು ನುಂಗಿ, ಗೂಟದ ಬುಡ ತೊಳೆದು, ಸರಿಯಾಗಿ ಅಲ್ಲಿಗೇ ನಿಂತಿತು; ಮಳೆ ಮುಗಿದ ಮೇಲೆ ಬರಿ ಮರಳು ಬಿಟ್ಟು ಹಿಂದೆ ಸರಿಯಿತು.

ಅಕ್ರಾದಿಂದ ಪ್ರೊಫೆಸರ್ ಅಂಟ್ವಿ ಮೆಚ್ಚುಗೆ ಹೇಳಿ ಕಳಿಸಿದರು. ಕೋಮ್ಲಾನ ಕಾಲು ಒಂದು ವಾರ ನೆಲ ಮುಟ್ಟಲಿಲ್ಲ. ಮರುವರ್ಷದ ಗೂಟವೂ ನಿಜವಾಯಿತು, ಅದರ ಮರುವರ್ಷದ್ದೂ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಗಂಟು ಹಾಕಬಾರದೆಂದು ಎಲ್ಲರಿಗೂ ಗೊತ್ತು. ಆದರೆ ಪ್ರತಿಸಲವೂ ಅದೇ ಕಾಗೆ ಕೂತು, ಅದೇ ಹೊತ್ತಿಗೆ ಟೊಂಗೆ ಮುರಿದರೆ ಮರದ ಕೆಳಗಿದ್ದವರು ಕಾಗೆಯನ್ನೇ ನೋಡುತ್ತಾರೆ. ಕಡಲು ತಾನಾಗಿ ಬರುತ್ತಿಲ್ಲ, ಮೇಷ್ಟ್ರು ಜಾಗ ತೋರಿಸಿ ಕರೆಯುತ್ತಿದ್ದಾನೆ ಎಂಬ ಮಾತು ಮೀನಿನ ಬುಟ್ಟಿಗಳ ಜೊತೆ ಮನೆಯಿಂದ ಮನೆಗೆ ಹೋಯಿತು.

ಕೋಮ್ಲಾನ ಕಿವಿಗೆ ಅದು ಬಿದ್ದಾಗ ಅವನು ನಕ್ಕ. ಅವನ ಕಣ್ಣು ಬೇರೆಲ್ಲೋ ಇತ್ತು. ಆ ವರ್ಷ ಮೂಲ ಸಂಘದವರು ತಮ್ಮ ವಾರ್ಷಿಕ ಸುತ್ತಾಟಕ್ಕೆ ಬಸ್ಸು ಮಾಡಿಕೊಂಡು ಸೆಬಾಕೋಪೆಗೇ ಬರಲು ಒಪ್ಪಿದ್ದರು. ಜೊತೆಗೆ ಸರ್ಕಾರದ ಕಾಮಗಾರಿ ಇಲಾಖೆಯ ಎಂಜಿನಿಯರ್ ಒಬ್ಬ ಬರುವವನಿದ್ದ. ಗೂಟಗಳ ಸಾಲು ನಿಂತಿರುವುದನ್ನು, ಒಂದೊಂದರ ಬುಡಕ್ಕೂ ಕಡಲು ಹೇಗೆ ಬಂತೆಂಬುದನ್ನು ಅವನು ಕಣ್ಣಾರೆ ಕಂಡರೆ, ಊರಿಗೆ ಕಲ್ಲಿನ ತಡೆಗೋಡೆ ಬೇಕೆಂದು ಸಂಘವೇ ಸರ್ಕಾರಕ್ಕೆ ಹೇಳುತ್ತದೆ ಎಂದು ಪ್ರೊಫೆಸರ್ ಮಾತು ಕೊಟ್ಟಿದ್ದರು. ಗೋಡೆ ಬಂದರೆ ಊರು ಉಳಿಯುತ್ತದೆ. ಗೋಡೆ ಬರಬೇಕಾದರೆ ಬಸ್ಸು ಬರುವವರೆಗೆ ಗೂಟಗಳು ನೆಟ್ಟಲ್ಲೇ ನಿಂತಿರಬೇಕು.

ಇನ್ನು ಆ ವರ್ಷದ ಹೊಸ ಗೂಟ. ಕೋಮ್ಲಾ ಲೆಕ್ಕ ಹಾಕಿದ. ಮತ್ತೆ ಹಾಕಿದ. ಗೂಟ ಹೋಗಿ ಬಿದ್ದದ್ದು ಅವನ ತಾಯಿ ಅಬ್ಲಾವಾಳ ಅಂಗಳದಲ್ಲಿ, ಮೀನಿಗೆ ಹೊಗೆ ಹಾಕುವ ಮಣ್ಣಿನ ಒಲೆಗಳ ಆಚೆ. ಅಂದರೆ ಕಡಲಿಗೂ ಗೂಟಕ್ಕೂ ನಡುವೆ ಅವಳ ಮನೆ.

ಒಂದಿಷ್ಟು ಕಡಲ ಕಡೆಗೆ ಸರಿಸಿ ಊರಿದರೆ ಕೇಳುವವರು ಯಾರೂ ಇರಲಿಲ್ಲ. ಅದು ಅವನ ಮನಸ್ಸಿಗೂ ಬಂತು. ಆದರೆ ಊರಿನವರ ಮನೆ ಹಿಂದೆ ಊರುವಾಗ ನಡುಗದ ಕೈ ತನ್ನ ತಾಯಿಯ ಮನೆ ಬಂದಾಗ ಜಾರಿದರೆ, ಮೊದಲಿನ ಗೂಟಗಳಿಗೂ ಬೆಲೆಯಿಲ್ಲ ಎಂದುಕೊಂಡ. ಅಬ್ಲಾವಾ ಬಾಗಿಲಲ್ಲಿ ನಿಂತು ಅವನು ಸುತ್ತಿಗೆ ಎತ್ತುವುದನ್ನು ನೋಡಿದಳು. ಒಳಗೆ ಹೋಗಿ ಆಕ್ಪ್ಲೆ ಮುದ್ದೆ ತೊಳಸಿ, ಬೆಂಡೆಕಾಯಿ ಸಾರಿನ ಜೊತೆ ತಂದಿಟ್ಟಳು. ಸಾರಿನಲ್ಲಿ ಮೀನಿರಲಿಲ್ಲ. ಮೀನಿನ ವ್ಯಾಪಾರದವಳ ಮನೆಯ ಸಾರಿನಲ್ಲಿ ಮೀನಿಲ್ಲವೆಂಬುದನ್ನು ಅವನು ಗಮನಿಸಲಿಲ್ಲ. ಬಸ್ಸಿನ ಜನಕ್ಕೆ ಕೂರಲು ಚಾಪೆ ಎಲ್ಲಿಂದ ತರಲಿ ಎಂದು ಯೋಚಿಸುತ್ತ ಉಂಡೆದ್ದ.

ಮುಂದಿನ ದಿನಗಳಲ್ಲಿ ಊರು ಮೆಲ್ಲಗೆ ಬಾಗಿಲು ಹಾಕಿಕೊಂಡಿತು. ಉಪದೇಶಿ ಸಭೆಗೆ ಬರುವುದನ್ನು ಬಿಟ್ಟ. ಔಷಧಿ ಅಂಗಡಿಯವನು ಸಂಘದ ವಿಷಯ ತೆಗೆದರೆ ಕಪಾಟಿನ ಸೀಸೆಗಳನ್ನು ಒರೆಸತೊಡಗುತ್ತಿದ್ದ. ಒಂದು ಬೆಳಿಗ್ಗೆ ನೋಡಿದರೆ ತಾಯಿಯ ಅಂಗಳದ ಗೂಟಕ್ಕೆ ಯಾರೋ ತಾಳೆಯ ಎಳೆಗರಿ ಕಟ್ಟಿದ್ದರು, ದೈವದ ಗುಡಿಗೆ ಕಟ್ಟುವ ಹಾಗೆ. ಇನ್ನೊಂದು ಬೆಳಿಗ್ಗೆ ಬುಡದಲ್ಲಿ ಒಡೆದ ಮೊಟ್ಟೆ. ಕೋಮ್ಲಾ ಗರಿ ಬಿಚ್ಚಿ ಎಸೆದ, ಮೊಟ್ಟೆಯ ಮೇಲೆ ಮರಳು ಎಳೆದ. ಅವನು ಬಲೆ ಎಳೆಯುವ ಜಾಗದ ಹತ್ತಿರ ಹಾದುಹೋದರೆ ಹಾಡು ನಿಲ್ಲುತ್ತಿತ್ತು, ಚಿಲಕ ಸಿಕ್ಕಾಗ ನಿಲ್ಲುವಂತೆ.

ಬಸ್ಸು ಬರುವ ಹಿಂದಿನ ದಿನ ಅವನು ಚಾಪೆ ಕೇಳಿಕೊಂಡು ಪಕ್ಕದ ಊರಿಗೆ ಹೋಗಿದ್ದ. ಇಳಿಹೊತ್ತಿಗೆ ಸೈಕಲ್ ತುಳಿದುಕೊಂಡು ಬಂದರೆ ದಡ ಬೋಳಾಗಿತ್ತು. ಒಂದು ಗೂಟವೂ ಇಲ್ಲ. ಊರಿದ ತೂತುಗಳಿಗೂ ಮರಳು ತುಂಬಿ, ಗಾಳಿ ಆಗಲೇ ಸವರಿ ಹೋಗಿತ್ತು.

ಅವನು ನೆಟ್ಟಗೆ ಸೆವೋರನ ಹತ್ತಿರ ಹೋದ. ಸೆವೋರ್ ಮರಳಿನ ಮೇಲೆ ಕೂತು ಬಲೆಯ ಹರುಕು ಹೆಣೆಯುತ್ತಿದ್ದ. ಸುತ್ತ ಅವನ ಆಳುಗಳಿದ್ದರು.

"ಎಫೊ ಸೆವೋರ್, ಗೂಟ ಎಲ್ಲಿ?" ಅಂದ ಕೋಮ್ಲಾ. ಹಿರಿಯನನ್ನು ಎಫೊ ಎಂದು ಅಣ್ಣನಂತೆ ಕರೆಯುವುದನ್ನು ಸಿಟ್ಟಿನಲ್ಲೂ ಬಿಡಲಿಲ್ಲ.

"ಭೂಮಿಯ ಲೆಕ್ಕವೆಲ್ಲ ಬಲ್ಲ ಮೇಷ್ಟ್ರು ನೀವು. ನನ್ನ ಕೇಳ್ತೀರಲ್ಲ" ಅಂದ ಸೆವೋರ್, ತಲೆ ಎತ್ತದೆ. ಆಳುಗಳು ನಕ್ಕರು.

"ನಾಳೆ ಎಂಜಿನಿಯರ್ ಬರ್ತಾನೆ. ಗೋಡೆ ಕಟ್ಟಿಸೋಕೆ ಇದ್ದದ್ದು ಅದೊಂದೇ ದಾರಿ. ನಿನ್ನ ಮನೆಗೂ ಸೇರಿಸಿ ಹೇಳ್ತಿದೀನಿ."

"ನನ್ನ ಬಲೆಮನೆಗೆ ನೀವು ಆಗಲೇ ಬೇಕಾದಷ್ಟು ಉಪಕಾರ ಮಾಡಿದೀರಿ." ಸೆವೋರ್ ದಾರವನ್ನು ಹಲ್ಲಿನಲ್ಲಿ ಕಡಿದ. "ಮುಟ್ಟೋದಿದ್ರೆ ನಾವು ಗೂಟ ಮುಟ್ತಿರಲಿಲ್ಲ, ಮೇಷ್ಟ್ರೇ. ಊರಿದವನನ್ನೇ ಮುಟ್ತಿದ್ವಿ. ಅದಕ್ಕೆ ಒಂದು ದಿನಾನೂ ಗೊತ್ತುಮಾಡಿದ್ವಿ. ಮನೆಗೆ ಹೋಗಿ ನಿಮ್ಮ ತಾಯಿಯ ಒಲೆ ನೋಡಿ."

ಆಳುಗಳು ಈ ಸಲ ನಗಲಿಲ್ಲ. ಕೋಮ್ಲಾ ಸೈಕಲ್ಲನ್ನು ತಾಯಿಯ ಮನೆಯ ಕಡೆ ತಿರುಗಿಸಿದ.

ಅಂಗಳದಲ್ಲಿ ಬಹಳ ದಿನಗಳ ಮೇಲೆ ಒಲೆಗಳೆಲ್ಲ ಹೊಗೆಯಾಡುತ್ತಿದ್ದವು. ಅಬ್ಲಾವಾ ಬಾಗಿ ಮೀನು ಮಗುಚುತ್ತಿದ್ದಳು. ಒಲೆಯ ಬಾಯಿಗೆ ಅಡ್ಡಲಾಗಿ ಸಾಲಾಗಿ ಜೋಡಿಸಿದ ಸರಳುಗಳ ಮೇಲೆ ಬೂತಾಯಿ ಮೀನು ಎಣ್ಣೆ ಬಿಡುತ್ತಿತ್ತು. ಸರಳಿನ ಕೆಂಪು ಬಣ್ಣ ಸುಲಿದು, ಉರಿಗೆ ಕಪ್ಪಾಗಿತ್ತು.

"ಡಾದಾ" ಅಂದ ಅವನು. ಅವ್ವಾ ಎಂದು ಕರೆದು ಸರಳುಗಳ ಕಡೆ ಬೆರಳು ತೋರಿಸಿದ.

"ಎಲ್ಲರೂ ನೋಡ್ತಿರೋವಾಗ ನಾನೇ ಕಿತ್ತೆ" ಅಂದಳು ಅಬ್ಲಾವಾ. "ಹಾಡುಹಗಲಲ್ಲಿ, ಒಂದೊಂದಾಗಿ. ತಲೆ ಮೇಲೆ ಹೊತ್ಕೊಂಡು ಊರ ನಡುವೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಸೆವೋರನ ಹೆಂಡ್ತಿ ಮೀನಿನ ಬುಟ್ಟಿ ತಂದು ಬಾಗಿಲಿಗೆ ಇಟ್ಳು. ಎಷ್ಟು ತಿಂಗಳಾಯ್ತು ಗೊತ್ತಾ, ಯಾವ ದೋಣಿಯವರೂ ನಂಗೆ ಒಂದು ಮೀನು ಕೊಟ್ಟು? ನಿನ್ನ ತಟ್ಟೆಯಲ್ಲಿ ಮೀನಿಲ್ಲ ಅಂತ ನೀನು ಒಂದಿನ ಕೇಳಿದ್ಯಾ?"

"ಗೂಟ ಕಡಲನ್ನ ಕರೆಯುತ್ತೆ ಅಂತ ನೀನೂ ನಂಬಿದ್ಯಾ?"

"ನಿಮ್ಮಪ್ಪನ್ನ ಕರ್ಕೊಂಡು ಹೋದಾಗ ಯಾರು ಗೂಟ ಊರಿದ್ರು? ಕಡಲಿಗೆ ಬೇಕಾದ್ದು ಕಡಲು ತಗೊಳುತ್ತೆ. ನಂಗೆ ಹೆದರಿಕೆ ಇದ್ದಿದ್ದು ನೀರಿಂದಲ್ಲ ಮಗಾ." ಅವಳು ಒಂದು ಮೀನು ಮಗುಚಿ ಬೆರಳು ನೆಕ್ಕಿಕೊಂಡಳು. "ಮೊನ್ನೆ ಮೊಟ್ಟೆ ಒಡೆದಿದ್ದನ್ನ ನೋಡಿದೆಯಲ್ಲ, ಅದರ ಮುಂದೇನು ಅಂತ ಗೊತ್ತಿದ್ದೋಳು ನಾನು. ಮನೆ ಹೋದ್ರೆ ಹೋಗ್ಲಿ. ನೀನಿರ್ತೀಯ."

ಮರುದಿನ ಬಸ್ಸು ಬಂತು. ಟೋಪಿ, ಛತ್ರಿ, ಕ್ಯಾಮೆರಾಗಳ ಜೊತೆ ಜನ ಇಳಿದರು. ಕೋಮ್ಲಾ ದಡದ ಮೇಲೆ ನಡೆಸಿ, ಇಲ್ಲೊಂದಿತ್ತು, ಇಲ್ಲೊಂದಿತ್ತು ಎಂದು ಬರಿ ಮರಳಿಗೆ ಬೆರಳು ತೋರಿಸಿದ. ಎಂಜಿನಿಯರ್ ನಯವಾಗಿಯೇ ಕೇಳಿಸಿಕೊಂಡ. ಗೂಟಗಳು ಏನಾದವೆಂದು ಕೇಳಿದಾಗ ಕೋಮ್ಲಾ, ಕಳುವಾದವು ಎಂದ. ಸಂಘದ ಕೆಲಸದಲ್ಲಿ ಅವನು ಆಡಿದ ಸುಳ್ಳು ಅದೊಂದೇ. ಆಮೇಲೆ ಎಲ್ಲರೂ ಅಬ್ಲಾವಾಳ ಅಂಗಳದಲ್ಲಿ ಊಟಕ್ಕೆ ಕೂತರು. ಕಡಲಿಗೆ ಬೆನ್ನು ಹಾಕಿ ಕೂತರು, ಪರವೂರಿನವರಲ್ಲವೇ. ಗೂಟದ ಮೇಲೆ ಬೆಂದ ಮೀನನ್ನು ಮೆಣಸಿನ ಚಟ್ನಿಯ ಜೊತೆ ಬಾಯಿ ಚಪ್ಪರಿಸಿ ತಿಂದರು. ಇಂಥ ಮೀನು ಅಕ್ರಾದಲ್ಲಿ ಸಿಗುವುದಿಲ್ಲ ಎಂದು ಎಂಜಿನಿಯರ್ ಎರಡು ಸಲ ಹೇಳಿದ. ಬಸ್ಸು ಹತ್ತುವ ಮುಂಚೆ ಪ್ರೊಫೆಸರ್ ಅಂಟ್ವಿ ಕೋಮ್ಲಾನ ಹೆಗಲ ಮೇಲೆ ಕೈಯಿಟ್ಟು, ಮತ್ತೆ ಮೊದಲಿಂದ ಶುರು ಮಾಡಿ, ಕೆಲವು ವರ್ಷದ ಅಳತೆ ಸಿಕ್ಕ ಮೇಲೆ ನೋಡೋಣ ಎಂದರು. ಕೋಮ್ಲಾ ತಲೆಯಾಡಿಸಿದ. ಬಸ್ಸಿನ ಧೂಳು ಇಳಿದ ಮೇಲೂ ರಸ್ತೆಯನ್ನೇ ನೋಡುತ್ತ ನಿಂತಿದ್ದ.

ಕೆಲವು ವರ್ಷ ಎಂಬುದನ್ನು ಕಡಲು ಕೇಳಿಸಿಕೊಂಡಿರಲಿಲ್ಲ.

ಆ ಸಲದ ದೊಡ್ಡ ಅಲೆಗಳ ತಿಂಗಳು ಮಳೆಯಿಲ್ಲದೆ, ಗಾಳಿಯಿಲ್ಲದೆ ಬಂತು. ಬಿಸಿಲು ಚೆನ್ನಾಗಿತ್ತು. ಅಲೆಗಳು ಎತ್ತರವೂ ಇರಲಿಲ್ಲ. ಒಂದರ ಬೆನ್ನಿಗೆ ಒಂದು, ದನದ ಮಂದೆ ಕೊಟ್ಟಿಗೆಗೆ ನುಗ್ಗಿದ ಹಾಗೆ, ಹಿಂದಕ್ಕೆ ಹೋಗುವುದನ್ನೇ ಮರೆತು ಬಂದವು. ಜನ ಬಾಗಿಲು ಕಿಟಕಿ ಕಿತ್ತು ಹೊತ್ತೊಯ್ಯುವುದರಲ್ಲಿ ಸೆವೋರನ ಮನೆಯ ಗೋಡೆ ಕೂತುಹೋಯಿತು. ಅಬ್ಲಾವಾಳ ಮನೆ ನಿಂತಲ್ಲೇ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ಮಂಡಿಯೂರಿತು. ಒಲೆಗಳು ಕರಗಿ ಕೆಂಪು ನೀರಾದವು. ಅಲ್ಲೆಲ್ಲೂ ಒಂದು ಗೂಟವೂ ಇರಲಿಲ್ಲ. ತಾಯಿಯ ಅಂಗಳದಲ್ಲಿ ಕೋಮ್ಲಾ ಗೂಟ ಊರಿದ್ದ ಜಾಗದಲ್ಲೂ ಕಡಲು ನಿಲ್ಲಲಿಲ್ಲ. ಅದನ್ನು ದಾಟಿ ಬಹಳ ಮುಂದಕ್ಕೆ ಬಂದು, ಶಾಲೆಯ ಅಂಗಳಕ್ಕೆ ನೊರೆ ಉಗುಳಿತು.

ನೀರು ಸ್ವಲ್ಪ ಹಿಂಜರಿದ ಮೇಲೆ ಅಬ್ಲಾವಾ ಶಾಲೆಯ ಜಗಲಿಗೆ ಬಂದಳು. ತಲೆಯ ಮೇಲೆ ಒಂದು ಕಟ್ಟು. ಪಾತ್ರೆಯಲ್ಲ, ಬಟ್ಟೆಯಲ್ಲ, ಒಲೆಯಿಂದ ಎಳೆದು ತೆಗೆದ ಕಪ್ಪು ಸರಳುಗಳು. ಮಗನ ಕಾಲ ಬಳಿ ಇಳಿಸಿದಳು.

ಹಿಂದೆಯೇ ಸೆವೋರ್ ಬಂದ. ಅವನ ಕೈಯಲ್ಲಿ ಸುತ್ತಿಗೆಯಿತ್ತು. ಅವನ ಹಿಂದೆ ಆಳುಗಳು, ಹೆಂಗಸರು, ಉಪದೇಶಿ, ಔಷಧಿ ಅಂಗಡಿಯವನು. ಕೋಮ್ಲಾ ಎದ್ದು ನಿಂತ. ಗೊತ್ತುಮಾಡಿದ್ದ ಆ ದಿನ ಇದೇ ಇರಬೇಕು ಎಂದುಕೊಂಡ. ಸೆವೋರ್ ಸುತ್ತಿಗೆಯನ್ನು ಹಿಡಿಯ ಕಡೆಯಿಂದ ಮುಂದೆ ಚಾಚಿದ.

"ಊರು, ಕೋಮ್ಲಾ" ಅಂದ. ಮೇಷ್ಟ್ರೇ ಅನ್ನಲಿಲ್ಲ, ನೀವು ಅನ್ನಲಿಲ್ಲ. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಕರೆದ. "ಮುಂದಿನ ವರ್ಷಕ್ಕೆ ಎಲ್ಲಿಗೆ ಬರುತ್ತೆ ಹೇಳು. ಅದರ ಆಚೆ ಗುಡಿಸಲು ಹಾಕ್ಕೋತೀವಿ."

ಕೋಮ್ಲಾ ಒಂದು ಸರಳು ಎತ್ತಿಕೊಂಡ. ಮಸಿ ಕೈಗೆ ಹತ್ತಿತು, ಮೀನಿನೆಣ್ಣೆಯ ವಾಸನೆ ಇನ್ನೂ ಇತ್ತು. ಕಡಲು ನಿಂತ ಗೆರೆಗೆ ಹೋಗಿ, ಅದಕ್ಕೆ ಬೆನ್ನು ಹಾಕಿ, ಮನಸ್ಸಿನಲ್ಲೇ ಗುಣಿಸಿ, ಒಳನಾಡಿನ ಕಡೆಗೆ ಹೆಜ್ಜೆ ಹಾಕತೊಡಗಿದ. ಊರು ಸದ್ದಿಲ್ಲದೆ ಹಿಂದೆ ನಡೆಯಿತು. ಶಾಲೆ ದಾಟಿತು. ಸಂಘದ ಕೋಣೆ ದಾಟಿತು. ತೆರೆದ ಕಿಟಕಿಯಲ್ಲಿ ತಿರುಗದ ಗುಂಡು ಕಾಣುತ್ತಿತ್ತು. ಪ್ರಾರ್ಥನಾಮಂದಿರ ದಾಟಿತು, ಸಣ್ಣ ಈರುಳ್ಳಿಯ ಮಡಿಗಳನ್ನೂ ದಾಟಿತು. ಅವನು ಎಲ್ಲಿಯೂ ನಿಲ್ಲಲಿಲ್ಲ.

ಕೊನೆಗೆ ಅವನ ಕಾಲು ಹಸಿಯಾಯಿತು. ಎದುರಿಗೆ ಹಿನ್ನೀರು, ತೆಳ್ಳಗೆ, ಅಲುಗಾಡದೆ, ಆಚೆ ದಡ ಕಾಣದಷ್ಟು ಅಗಲಕ್ಕೆ ಹಾಸಿಕೊಂಡಿತ್ತು. ಅವನ ಲೆಕ್ಕದಲ್ಲಿ ಇನ್ನೂ ಹೆಜ್ಜೆಗಳು ಉಳಿದಿದ್ದವು.

"ಯಾಕೆ ನಿಂತೆ?" ಎಂದು ಹಿಂದಿನಿಂದ ಸೆವೋರ್ ಕೇಳಿದ. "ಊರು."

ಕೋಮ್ಲಾ ಸರಳು ಹಿಡಿದುಕೊಂಡೇ ನಿಂತಿದ್ದ. ಬೆನ್ನ ಹಿಂದೆ ಕಡಲಿನ ಸದ್ದು ಅಲ್ಲಿಗೂ ಕೇಳುತ್ತಿತ್ತು.